ಹಚ್ಚೆಯ ಅರ್ಥವನ್ನು ಮೊದಲು ಕೇಳೋಣ

ಮಗನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡು ಬಂದನೆಂದರೆ ನಮ್ಮ ಅನೇಕ ಕಥೋಲಿಕ ಕುಟುಂಬಗಳಲ್ಲಿ ಅಂದು ಒಲೆ ಹೊತ್ತುವುದೂ ತಡವಾಗುತ್ತದೆ. ತಂದೆ ಮಾತು ಬಿಡುತ್ತಾನೆ, ತಾಯಿ ಕಣ್ಣೀರಿಡುತ್ತಾಳೆ, ನೆರೆಮನೆಯವರು ಬುದ್ಧಿ ಹೇಳಲು ಬರುತ್ತಾರೆ. ಮಗನಾದರೋ ಮೊಬೈಲಿನಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರರ ಚಿತ್ರಗಳನ್ನು ತೋರಿಸಿ, ಇವರಿಗಿಲ್ಲದ ನಾಚಿಕೆ ನನಗೇಕೆ ಎಂದು ವಾದಿಸುತ್ತಾನೆ. ರೋಣ ತಾಲೂಕಿನ ಯಾವಗಲ್ಲಿನಂತಹ ಎರೆಮಣ್ಣಿನ ಊರುಗಳಿಗೂ ಈ ವಾದ ಬಂದು ತಲುಪಿದೆ. ಇಂತಹ ಹೊತ್ತಿನಲ್ಲಿ ಹಿರಿಯರು ಕೇಳಬೇಕಾದ ಮೊದಲ ಪ್ರಶ್ನೆ ಒಂದಿದೆ. ಅದನ್ನೇ ನಾವು ಕೇಳುತ್ತಿಲ್ಲವೆಂಬುದು ನಮ್ಮ ಅಭಿಪ್ರಾಯ. ಆ ಪ್ರಶ್ನೆ ಇಷ್ಟೆ: ಮಗನೇ, ಇದರ ಅರ್ಥವೇನು?

ಹಚ್ಚೆಯು ಪರದೇಶದಿಂದ ಬಂದ ಪಿಡುಗೆಂದು ತಿಳಿದವರು ಒಮ್ಮೆ ತಮ್ಮ ಮನೆಯ ಅಥವಾ ನೆರೆಮನೆಯ ಅಜ್ಜಿಯ ಮುಂಗೈಯನ್ನು ನೋಡಬೇಕು. ಗದಗ, ಧಾರವಾಡ, ಬಾಗಲಕೋಟೆಗಳ ಹಳ್ಳಿಗಳಲ್ಲಿ ಹಣೆ, ಗಲ್ಲ, ಮುಂಗೈಗಳ ಮೇಲೆ ಹಸಿರು ಚುಕ್ಕೆಗಳಿಲ್ಲದ ಹಿರಿಯ ಹೆಂಗಸರು ಒಂದು ಕಾಲಕ್ಕೆ ವಿರಳ. ಊರೂರು ತಿರುಗುವ ಕೊರವರ ಹೆಂಗಸರು ಬಂದು, ದೀಪದ ಕಾಡಿಗೆಯನ್ನು ಎಲೆಯ ರಸದಲ್ಲಿ ಅರೆದು, ಸೂಜಿಗಳನ್ನು ಒಟ್ಟಿಗೆ ಕಟ್ಟಿ ಚುಚ್ಚುತ್ತಿದ್ದರು. ನೋವು ಮರೆಯಲೆಂದು ಹಾಡು ಹೇಳುತ್ತಿದ್ದರು. ಕೂಲಿಯೆಂದು ಜೋಳವನ್ನೋ ಹಳೆಯ ಸೀರೆಯನ್ನೋ ಪಡೆಯುತ್ತಿದ್ದರು. ರಂಗೋಲಿ, ಚೇಳು, ತೊಟ್ಟಿಲು, ತವರಿನ ನೆನಪು, ಗಂಡನ ಹೆಸರು, ಇವೆಲ್ಲ ಆ ಚುಕ್ಕೆಗಳಲ್ಲಿ ಅಡಗಿದ್ದವು. ಸತ್ತಾಗ ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿಕೊಳ್ಳುತ್ತಾರೆ, ಸಂಗಡ ಬರುವುದು ಹಚ್ಚೆಯೊಂದೇ ಎಂಬುದು ಆ ತಾಯಂದಿರ ನಂಬಿಕೆಯಾಗಿತ್ತು. ಬಡವರ ಮನೆಯ ಹೆಣ್ಣಿಗೆ ಯಾರೂ ಕದಿಯಲಾರದ ಒಡವೆ ಅದು.

ಆ ಒಡವೆಯನ್ನು ಇಟ್ಟುಕೊಟ್ಟ ಕೈಗಳಿಗೆ ನಮ್ಮ ಸಮಾಜ ಕೊಟ್ಟ ಮರ್ಯಾದೆ ಮಾತ್ರ ಅಲ್ಪ. ಬ್ರಿಟಿಷರ ಆಳ್ವಿಕೆಯಲ್ಲಿ ಕೊರವರನ್ನು ಅಪರಾಧಿ ಬುಡಕಟ್ಟುಗಳ ಕಾಯಿದೆಗೆ ಒಳಪಡಿಸಿ, ಹುಟ್ಟಿನಿಂದಲೇ ಕಳ್ಳರೆಂಬಂತೆ ಕಂಡು, ಕಾವಲಿನ ವಸತಿಗಳಲ್ಲಿ ಇರಿಸಲಾಯಿತು. ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಆ ಕಥೆಯನ್ನು ಹೇಳುತ್ತದೆ. ಸ್ವತಂತ್ರ ಭಾರತವು 1952ರಲ್ಲಿ ಆ ಕಾಯಿದೆಯಿಂದ ಅವರನ್ನು ಬಿಡುಗಡೆಗೊಳಿಸಿತು. ನಗರದ ಅಂಗಡಿಯಲ್ಲಿ ಸಾವಿರಾರು ರೂಪಾಯಿ ತೆತ್ತು ಹಾಕಿಸಿಕೊಂಡರೆ ಅದು ಕಲೆ, ಕೊರವರ ಅಜ್ಜಿ ಹಾಕಿದರೆ ಅದು ಹಳ್ಳಿಗಾಡಿನ ಗೊಡ್ಡು ಪದ್ಧತಿ ಎಂಬ ಭಾವನೆ ನಮ್ಮ ಯುವಕರಲ್ಲಿ ಬೇರೂರದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ.

ಇನ್ನು ಬಾಸ್ಕೆಟ್‌ಬಾಲ್ ಆಟಗಾರರ ವಿಷಯಕ್ಕೆ ಬರೋಣ. ಈ ಆಟ ಹುಟ್ಟಿದ್ದೇ ಕ್ರೈಸ್ತ ಯುವಕ ಸಂಘದ ಶಾಲೆಯೊಂದರಲ್ಲಿ. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ 1891ರ ಚಳಿಗಾಲದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಪೀಚ್ ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ತೂಗುಹಾಕಿ ಇದನ್ನು ಆರಂಭಿಸಿದರು. ನೂರು ವರ್ಷಗಳ ಬಳಿಕ, 1990ರ ದಶಕದಲ್ಲಿ, ಡೆನಿಸ್ ರಾಡ್‌ಮನ್ ಮತ್ತು ಆಲೆನ್ ಐವರ್ಸನ್ ಎಂಬ ಆಟಗಾರರು ಮೈತುಂಬ ಹಚ್ಚೆಯೊಡನೆ ಅಂಗಳಕ್ಕಿಳಿದಾಗ ಅಲ್ಲಿನ ಹಿರಿಯರೂ ನಮ್ಮಂತೆಯೇ ಹುಬ್ಬು ಗಂಟಿಕ್ಕಿದರು. ಆ ವೃತ್ತಿಪರ ಲೀಗಿನದೇ ಪತ್ರಿಕೆಯೊಂದು ಐವರ್ಸನ್ ಅವರ ಚಿತ್ರವನ್ನು ಮುಖಪುಟದಲ್ಲಿ ಅಚ್ಚುಹಾಕುವಾಗ ಅವರ ಹಚ್ಚೆಗಳನ್ನು ಅಳಿಸಿಬಿಟ್ಟಿತು. ತಮ್ಮ ಬಾಳಿನ ಕಥೆಯನ್ನೇ ಅಳಿಸಿದಂತಾಯಿತೆಂದು ಐವರ್ಸನ್ ನೊಂದುಕೊಂಡರು.

ಇಂದು ಜಗತ್ತಿಗೆಲ್ಲ ಪರಿಚಿತರಾದ ಲೆಬ್ರಾನ್ ಜೇಮ್ಸ್ ಅವರು ಓದಿದ್ದು ಆಕ್ರನ್ ನಗರದ ಒಂದು ಕಥೋಲಿಕ ಪ್ರೌಢಶಾಲೆಯಲ್ಲಿ. ಶಾಲಾ ಬಾಲಕರಾಗಿದ್ದಾಗಲೇ, 2002ರಲ್ಲಿ, ಹೆಸರಾಂತ ಕ್ರೀಡಾ ಪತ್ರಿಕೆಯೊಂದು ಅವರನ್ನು ಆರಿಸಲ್ಪಟ್ಟವನೆಂದು ಮುಖಪುಟದಲ್ಲಿ ಕರೆಯಿತು. ಅದೇ ಬಿರುದು ಅವರ ಬೆನ್ನಿನ ಮೇಲೆ ಹಚ್ಚೆಯಾಗಿ ನಿಂತಿತು. ಆದರೆ ಅದೇ ಮೈಮೇಲೆ 330 ಎಂಬ ಸಂಖ್ಯೆಯೂ ಇದೆ. ಅದು ಹುಟ್ಟೂರಾದ ಆಕ್ರನ್ನಿನ ದೂರವಾಣಿ ಸಂಕೇತ. ಬಡತನದಲ್ಲಿ ಮನೆಯಿಂದ ಮನೆಗೆ ಅಲೆದು ಬೆಳೆದವರು ಕೋಟ್ಯಧೀಶರಾದ ಮೇಲೂ ಊರನ್ನು ತೋಳಿನಿಂದ ಇಳಿಸಲಿಲ್ಲ. ಬೆನ್ನಿನ ಮಾತಿನಲ್ಲಿ ಬಿಂಕ ಕಂಡರೆ ತೋಳಿನ ಸಂಖ್ಯೆಯಲ್ಲಿ ಕೃತಜ್ಞತೆ ಕಾಣುತ್ತದೆ. ಒಂದೇ ಮೈಮೇಲಿನ ಎರಡು ಗುರುತುಗಳೂ ಒಂದೇ ಅಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಕಥೋಲಿಕರಾಗಿದ್ದ ಕೋಬಿ ಬ್ರಯಂಟ್ ಅವರ ಕಥೆ ಇನ್ನೂ ಗಂಭೀರವಾದುದು. 2003ರಲ್ಲಿ ಅವರ ಮೇಲೆ ಅತ್ಯಾಚಾರದ ಆರೋಪ ಬಂದಿತು. ಪತ್ನಿಗೆ ದ್ರೋಹ ಬಗೆದುದನ್ನು ಅವರು ಎಲ್ಲರೆದುರು ಒಪ್ಪಿಕೊಂಡರು, ಬಲಾತ್ಕಾರವನ್ನು ಅಲ್ಲಗಳೆದರು. ಫೌಜುದಾರಿ ಮೊಕದ್ದಮೆಯು 2004ರಲ್ಲಿ ಕೈಬಿಟ್ಟುಹೋಯಿತು. ಸಿವಿಲ್ ದಾವೆಯು ಬಳಿಕ ರಾಜಿಯಲ್ಲಿ ಮುಗಿಯಿತು. ಆ ಸಂಕಟದ ವರ್ಷದಲ್ಲೇ ಅವರ ಬಲತೋಳಿನ ಮೇಲೆ ಒಂದು ಕಿರೀಟ, ಪತ್ನಿ ವನೆಸ್ಸಾ ಅವರ ಹೆಸರು, ದೇವದೂತನ ರೆಕ್ಕೆಗಳು ಮತ್ತು 27ನೆಯ ಕೀರ್ತನೆಯ ಉಲ್ಲೇಖ ಮೂಡಿದವು. ವೈರಿಗಳ ನಡುವೆ ನಿಂತವನು ದೇವರಲ್ಲಿ ಭರವಸೆ ಇಡುವ ಪ್ರಾರ್ಥನೆ ಆ ಕೀರ್ತನೆ. ಸೂಜಿಯ ಗುರುತು ಪಾಪವನ್ನು ತೊಳೆಯದು. ನೊಂದ ಹೆಣ್ಣಿನ ಅಳಲನ್ನು ಮರೆಮಾಡಲೂ ಬಾರದು. ಆದರೂ ಮುರಿಯಲಿದ್ದ ಮದುವೆಯ ಮಾತನ್ನು ಮೈಮೇಲೆ ಬರೆಯಿಸಿಕೊಂಡವರು ಅದನ್ನು ದಿನವೂ ನೋಡಬೇಕಾಗುತ್ತದೆ. 2020ರ ಜನವರಿ 26ರಂದು, ಹೆಲಿಕಾಪ್ಟರ್ ಅಪಘಾತದಲ್ಲಿ ಮಗಳೊಡನೆ ಮಡಿದ ದಿನದ ಮುಂಜಾನೆ, ಅವರು ದೇವಾಲಯಕ್ಕೆ ಹೋಗಿ ಬಂದಿದ್ದರು.

ನಮ್ಮ ದೇಶದ ಕ್ರಿಕೆಟ್ ಆಟಗಾರರಲ್ಲಿಯೂ ಇಂತಹ ಗುರುತುಗಳುಂಟು. ವಿರಾಟ್ ಕೊಹ್ಲಿ ಅವರು 2006ರ ಡಿಸೆಂಬರಿನಲ್ಲಿ ನಮ್ಮ ಕರ್ನಾಟಕ ತಂಡದ ವಿರುದ್ಧ ದೆಹಲಿಯಲ್ಲಿ ರಣಜಿ ಪಂದ್ಯವಾಡುತ್ತಿದ್ದಾಗ, ರಾತ್ರಿ ತಂದೆ ಪ್ರೇಮ್ ತೀರಿಕೊಂಡರು. ಮರುದಿನ ಹದಿನೆಂಟರ ಆ ಹುಡುಗ ಮೈದಾನಕ್ಕೆ ಬಂದು 90 ಓಟ ಗಳಿಸಿ, ತಂಡವನ್ನು ಕಾಪಾಡಿ, ಬಳಿಕ ಅಂತ್ಯಕ್ರಿಯೆಗೆ ತೆರಳಿದರು. ಇಂದು ಅವರ ಮೈಮೇಲೆ ತಂದೆ ಪ್ರೇಮ್, ತಾಯಿ ಸರೋಜ್ ಎಂಬ ಹೆಸರುಗಳಿವೆ. ದೇಶದ ಪರ ಆಡಿದ ಕ್ರಮಸಂಖ್ಯೆಗಳಾದ 175 ಮತ್ತು 269 ಇವೆ. ಸುರತ್ಕಲ್ಲಿನ ಕಡಲತೀರದಲ್ಲಿ ಬೆಳೆದ ಕನ್ನಡಿಗ ಕೆ.ಎಲ್. ರಾಹುಲ್ ಅವರ ತೋಳಿನ ಮೇಲೆ ದೀಪಸ್ತಂಭವೊಂದು ನಿಂತಿದೆ. ಬಾಲ್ಯದ ಊರನ್ನು ನೆನೆಯಲು ಅದಕ್ಕಿಂತ ಚೆನ್ನಾದ ಚಿತ್ರ ಬೇರೆ ಯಾವುದಿದ್ದೀತು? 2021ರ ಅಕ್ಟೋಬರಿನಲ್ಲಿ ಪುನೀತ್ ರಾಜಕುಮಾರ್ ಅಗಲಿದಾಗ, ನಾಡಿನ ಅದೆಷ್ಟೋ ಯುವಕರು ಅಪ್ಪು ಎಂಬ ಎರಡಕ್ಷರವನ್ನು ತೋಳಿನ ಮೇಲೆ ಬರೆಸಿಕೊಂಡು ಅತ್ತರು. ಶೋಕಕ್ಕೂ ಒಂದು ಗುರುತು ಬೇಕಾಗುತ್ತದೆ.

ಆದರೆ ಧರ್ಮ ಏನು ಹೇಳುತ್ತದೆಂದು ನಮ್ಮ ತಾಯಂದಿರು ಕೇಳುತ್ತಾರೆ. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಮೈಮೇಲೆ ಗುರುತು ಚುಚ್ಚಿಸಿಕೊಳ್ಳಬಾರದೆಂಬ ವಿಧಿ ಇರುವುದು ನಿಜ. ಸತ್ತವರಿಗಾಗಿ ಮೈ ಕೊಯ್ದುಕೊಳ್ಳುವ ಅನ್ಯದೇವತಾರಾಧನೆಯ ಪದ್ಧತಿಗಳೊಡನೆಯೇ ಅದನ್ನು ಅಲ್ಲಿ ಹೇಳಲಾಗಿದೆ. ಗಡ್ಡದ ಅಂಚನ್ನು ಕತ್ತರಿಸಬಾರದೆಂಬ ವಿಧಿಯೂ ಅದರ ಪಕ್ಕದಲ್ಲೇ ಇದೆ. ಅದನ್ನು ಹಿಡಿದು ನಾವು ಯಾರನ್ನೂ ಬೈಯುವುದಿಲ್ಲ. ಕಥೋಲಿಕ ಶ್ರೀಸಭೆಯು ಹಚ್ಚೆಯನ್ನು ಪಾಪವೆಂದು ಸಾರಿಲ್ಲ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಬಲಗೈಯ ಮಣಿಕಟ್ಟಿನಲ್ಲಿ ಶಿಲುಬೆಯ ಹಚ್ಚೆಯನ್ನು ಇಂದಿಗೂ ಧರಿಸುತ್ತಾರೆ. ಜೆರುಸಲೇಮಿನಲ್ಲಿ ಯಾತ್ರಿಕರಿಗೆ ಶಿಲುಬೆಯ ಗುರುತು ಹಾಕುವ ಒಂದು ಮನೆತನವು ತನ್ನ ಪರಂಪರೆ 700 ವರ್ಷ ಹಳೆಯದೆಂದು ಹೇಳಿಕೊಳ್ಳುತ್ತದೆ. ಇಟಲಿಯ ಲೊರೆಟೊ ಪುಣ್ಯಕ್ಷೇತ್ರದ ಯಾತ್ರಿಕರೂ ಒಂದು ಕಾಲಕ್ಕೆ ಹೀಗೆಯೇ ಗುರುತು ಪಡೆದು ಮರಳುತ್ತಿದ್ದರು. ತುರ್ಕರ ಆಳ್ವಿಕೆಯ ಬೋಸ್ನಿಯದಲ್ಲಿ ಕಥೋಲಿಕ ತಾಯಂದಿರು ಹೆಣ್ಣುಮಕ್ಕಳ ಕೈಗಳ ಮೇಲೆ ಶಿಲುಬೆಯನ್ನು ಚುಚ್ಚಿಸುತ್ತಿದ್ದರು. ಸಂತ ಜೋಸೆಫರ ಹಬ್ಬದ ದಿನ ಅದಕ್ಕೆ ವಿಶೇಷ. ಕಾಡಿಗೆಗೆ ಅವರು ಬೆರೆಸುತ್ತಿದ್ದುದು ಎದೆಹಾಲನ್ನು. ನಮ್ಮ ಎರೆನಾಡಿನ ಅಜ್ಜಿಗೂ ಆ ಬೋಸ್ನಿಯದ ತಾಯಿಗೂ ಇರುವ ದೂರ ನಾವು ಎಣಿಸಿದಷ್ಟಿಲ್ಲ.

ದಿವಂಗತ ಪೋಪ್ ಫ್ರಾನ್ಸಿಸ್ ಅವರು 2018ರ ಮಾರ್ಚಿನಲ್ಲಿ ಯುವಜನರ ಸಭೆಯೊಂದರಲ್ಲಿ ಈ ವಿಷಯಕ್ಕೇ ಉತ್ತರ ಕೊಟ್ಟಿದ್ದರು. ಹಚ್ಚೆ ಕಂಡು ಅಂಜಬೇಡಿರಿ, ಅತಿಯಾದರೆ ಮಾತ್ರ ಕೆಡುಕು, ಯುವಕರೊಡನೆ ಮಾತಿಗೆ ತೊಡಗಲು ಅದೇ ಬಾಗಿಲಾಗಬಹುದು ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು. ನಾವು ಆರಂಭದಲ್ಲಿ ಹೇಳಿದ ಪ್ರಶ್ನೆಯೂ ಅದೇ. ಅರ್ಥವನ್ನು ಕೇಳಿದಾಗ ಮಗನು ತೀರಿಕೊಂಡ ಅವ್ವನ ಹೆಸರನ್ನು ತೋರಿಸಬಹುದು. ಉತ್ತರವೇ ಇಲ್ಲದೆ ತಲೆ ತಗ್ಗಿಸಲೂಬಹುದು. ಎರಡರಲ್ಲಿ ಯಾವುದಾದರೂ ಮನೆಯವರಿಗೆ ಅವನ ಮನಸ್ಸಿನ ಸುಳಿವು ಸಿಕ್ಕಂತೆಯೇ. ಬೈಗುಳದಿಂದ ಆ ಸುಳಿವು ಸಿಕ್ಕುವುದಿಲ್ಲ.

ಹಾಗೆಂದು ಕಂಡವರೆಲ್ಲ ಚುಚ್ಚಿಸಿಕೊಳ್ಳಲಿ ಎಂದು ನಾವು ಹೇಳುತ್ತಿಲ್ಲ. ಅರ್ಥದಷ್ಟೇ ಪರಿಣಾಮವೂ ಮುಖ್ಯ. ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹತ್ತಾರು ಮಂದಿಗೆ ಚುಚ್ಚುವವನ ಮುಂದೆ ಕೈ ಚಾಚುವುದು ಕಾಮಾಲೆಯನ್ನೂ ಏಡ್ಸ್ ರೋಗಾಣುವನ್ನೂ ಮನೆಗೆ ಕರೆದಂತೆ. ಹೊಸ ಸೂಜಿ, ಹೊಸ ಮಸಿ, ಕೈಗವಸು ಇಲ್ಲದೆಡೆ ಕುಳಿತುಕೊಳ್ಳಲೇಬಾರದು. ಹಚ್ಚೆ ಹಾಕಿಸಿಕೊಂಡವರಿಂದ ಒಂದು ವರ್ಷದವರೆಗೆ ರಕ್ತನಿಧಿಗಳು ರಕ್ತವನ್ನು ಸ್ವೀಕರಿಸುವುದಿಲ್ಲ. ಮನೆಯಲ್ಲಿ ಹೆರಿಗೆಗೆ ಸಿದ್ಧಳಾದ ಅಕ್ಕನಿದ್ದರೆ ತಮ್ಮನು ಇದನ್ನೂ ನೆನೆಯಬೇಕು.

ನಮ್ಮ ಭಾಗದ ಯುವಕರಿಗೆ ಇನ್ನೊಂದು ಎಚ್ಚರಿಕೆ ಅತ್ಯಗತ್ಯ. ಮಳೆ ನಂಬಿದ ಬೇಸಾಯದ ಊರುಗಳಿಂದ ಅನೇಕರು ಸೇನೆ ಮತ್ತು ಅರೆಸೇನಾ ಪಡೆಗಳ ಭರ್ತಿಗಾಗಿ ನಸುಕಿನಲ್ಲೆದ್ದು ಓಡುತ್ತಾರೆ. ಭೂಸೇನೆಯು ಸಾಮಾನ್ಯವಾಗಿ ಒಪ್ಪುವುದು ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗದ ಮತ್ತು ಅಂಗೈಯ ಹಿಂಬದಿಯ ಹಚ್ಚೆಯನ್ನು ಮಾತ್ರ. ರೂಢಿಯುಳ್ಳ ಬುಡಕಟ್ಟುಗಳವರಿಗೆ ವಿನಾಯಿತಿ ಇದೆ. ಕೇಂದ್ರದ ಅರೆಸೇನಾ ಪಡೆಗಳಲ್ಲಿ ಮುಂಗೈಯ ಹಚ್ಚೆಗೆ ಎಡಗೈಯೇ ಆಗಬೇಕು, ಏಕೆಂದರೆ ವಂದನೆ ಸಲ್ಲಿಸುವುದು ಬಲಗೈ. ಗಾತ್ರವೂ ಆ ಅಂಗದ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು. ಎರಡು ವರ್ಷ ಓಡಿ ಬೆವರು ಸುರಿಸಿದ ಹುಡುಗನನ್ನು ಕತ್ತಿನ ಮೇಲಿನ ಒಂದು ಗುರುತು ವೈದ್ಯಕೀಯ ಪರೀಕ್ಷೆಯಲ್ಲಿ ಹೊರಗೆ ಕಳಿಸಬಲ್ಲುದು. ಕೋಟಿಗಳ ಕರಾರು ಕೈಯಲ್ಲಿರುವ ಆಟಗಾರನಿಗೆ ಈ ಭಯವಿಲ್ಲ. ಯಾವಗಲ್ಲಿನ ರೈತನ ಮಗನಿಗೆ ಇದೆ.

ಪ್ರೀತಿಸಿದವರ ಹೆಸರಿನ ಬಗೆಗೂ ಒಂದು ಮಾತು. ಹತ್ತೊಂಬತ್ತರ ವಯಸ್ಸಿನಲ್ಲಿ ಬರೆಸಿದ ಹೆಸರು ಮುಂದೆ ಮದುವೆಯಾದ ಮನೆಯಲ್ಲಿ ದಿನನಿತ್ಯದ ಜಗಳವಾದೀತು. ಲೇಸರಿನಿಂದ ಅಳಿಸುವುದು ಹಲವು ಸಲದ ಕೆಲಸ. ಹಾಕಿಸಿದ್ದಕ್ಕಿಂತ ಹೆಚ್ಚು ಹಣ, ಹೆಚ್ಚು ನೋವು. ಜಾಹೀರಾತಿನ ಗುರುತುಗಳನ್ನಂತೂ ದೂರವೇ ಇಡಬೇಕು. 2018ರಲ್ಲಿ ಜೆ.ಆರ್. ಸ್ಮಿತ್ ಎಂಬ ಬಾಸ್ಕೆಟ್‌ಬಾಲ್ ಆಟಗಾರರು ಬಟ್ಟೆಯ ಕಂಪನಿಯೊಂದರ ಹೆಸರನ್ನು ಕಾಲಿನ ಮೇಲೆ ಬರೆಸಿಕೊಂಡಾಗ, ಅದನ್ನು ಮುಚ್ಚದಿದ್ದರೆ ದಂಡ ತೆರಬೇಕೆಂದು ಲೀಗೇ ಎಚ್ಚರಿಸಿತು. ದೇಹವು ದೇವರ ಆಲಯವೆಂದು ಸಂತ ಪೌಲರು ಬೋಧಿಸಿದರು. ಅದು ಬಾಡಿಗೆಯ ಗೋಡೆಯಾಗಬಾರದು.

ಆದ್ದರಿಂದ ಪ್ರತಿ ಮನೆಯಲ್ಲಿ ಒಂದು ಒಪ್ಪಂದವಾಗಲಿ ಎಂಬುದು ನಮ್ಮ ಸಲಹೆ. ಹದಿನೆಂಟು ತುಂಬುವ ಮೊದಲು ಹಚ್ಚೆ ಬೇಡ. ತುಂಬಿದ ಮೇಲೆ, ಬಯಸಿದ ಚಿತ್ರವನ್ನು ಕಾಗದದ ಮೇಲೆ ಬರೆದು ಕೋಣೆಯ ಗೋಡೆಗೆ ಒಂದು ವರ್ಷ ಅಂಟಿಸಿಟ್ಟು ನೋಡಲಿ. ವರ್ಷದ ಬಳಿಕವೂ ಅದರ ಅರ್ಥವನ್ನು ಅಪ್ಪ ಅವ್ವಂದಿರ ಮುಂದೆ ತಲೆಯೆತ್ತಿ ಹೇಳಬಲ್ಲನಾದರೆ, ಹಿರಿಯರು ಒಳ್ಳೆಯ ಜಾಗ, ಶುದ್ಧವಾದ ಸೂಜಿ ಎರಡನ್ನೂ ವಿಚಾರಿಸಿ ಒಪ್ಪಿಗೆ ಕೊಡಲಿ. ಹೇಳಲಾರದಿದ್ದರೆ ಕಾಗದವನ್ನು ಹರಿದರಾಯಿತು, ಚರ್ಮ ಉಳಿಯುತ್ತದೆ. ಮಗಳಿಗೂ ಇದೇ ನಿಯಮ ಸಲ್ಲಲಿ. ಈ ನಾಡಿನಲ್ಲಿ ಹಚ್ಚೆಯನ್ನು ಹೆಚ್ಚಾಗಿ ಧರಿಸಿದವರು ಹೆಣ್ಣುಮಕ್ಕಳೇ ಅಲ್ಲವೇ?

ಜ್ಞಾನಸ್ನಾನ ಮತ್ತು ದೃಢೀಕರಣಗಳು ನಮ್ಮ ಆತ್ಮದ ಮೇಲೆ ಅಳಿಯದ ಮುದ್ರೆಯನ್ನು ಒತ್ತುತ್ತವೆಂದು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಕಣ್ಣಿಗೆ ಕಾಣದ ಆ ಮುದ್ರೆಯ ಅರ್ಥವನ್ನು ಮನೆಯಲ್ಲಿ ನಾವು ಎಷ್ಟು ಸಲ ಮಾತಾಡಿದ್ದೇವೆ? ತೋಳಿನ ಮೇಲಿನ ಗುರುತಿನ ಬಗೆಗೆ ಕೇಳಲು ಹೊರಟ ತಂದೆತಾಯಿಗಳು ಈ ಮುದ್ರೆಯ ಬಗೆಗೂ ಅದೇ ಸಂಜೆ ಎರಡು ಮಾತಾಡಲಿ. ಆಗ ಮಗನು ಹಚ್ಚೆ ಹಾಕಿಸಿಕೊಂಡರೂ ಬಿಟ್ಟರೂ, ಮನೆಯಲ್ಲಿ ಮಾತು ಉಳಿಯುತ್ತದೆ.