ಉಳಿದ ಅನ್ನದ ಅನುದಾನ ಕೂಲಿಯಿಂದ ಶುರುವಾಗಲಿ

ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಸವದತ್ತಿಯ ಯಲ್ಲಮ್ಮನಗುಡ್ಡಕ್ಕೆ ಲಕ್ಷಾಂತರ ಭಕ್ತರು ಹರಿದುಬರುತ್ತಾರೆ. ಹಲವರು ಹಿಟ್ಟು, ಬೆಲ್ಲ, ಪಾತ್ರೆ ಪಡಗಗಳನ್ನು ಬಂಡಿ, ಟ್ರ್ಯಾಕ್ಟರ್‌ಗಳಲ್ಲಿ ಹೇರಿಕೊಂಡು ಬಂದು, ಬಯಲಲ್ಲೇ ಒಲೆ ಹೂಡಿ, ಹೋಳಿಗೆ, ಕಡಬು, ರೊಟ್ಟಿ, ಬದನೆಕಾಯಿ ಪಲ್ಯ ಮಾಡಿ, ಪಡ್ಡಲಗಿ ತುಂಬಿಸಿ, ದೇವಿಗೆ ನೈವೇದ್ಯ ಅರ್ಪಿಸಿ ಉಣ್ಣುತ್ತಾರೆ. ಆ ಭಕ್ತಿಯಲ್ಲಾಗಲಿ, ಆ ಅಡುಗೆಯಲ್ಲಾಗಲಿ ತಪ್ಪೇನೂ ಇಲ್ಲ. ತಪ್ಪು ಶುರುವಾಗುವುದು ಊಟ ಮುಗಿದ ಮೇಲೆ. ಉಳಿದ ಅನ್ನ, ಸಿಪ್ಪೆ, ಬಾಳೆಹಣ್ಣು, ಎಲೆಗಳೆಲ್ಲ ಪ್ಲಾಸ್ಟಿಕ್ ತಟ್ಟೆ, ಲೋಟಗಳ ಜೊತೆ ಕಲಸಿಹೋದರೆ ಅದು ಗೊಬ್ಬರಕ್ಕೂ ಬಾರದ, ದನಕ್ಕೂ ಸಲ್ಲದ ರಾಶಿಯಾಗುತ್ತದೆ. ರಾಮದುರ್ಗ ತಾಲ್ಲೂಕಿನ ಗೊಡಚಿಯ ವೀರಭದ್ರೇಶ್ವರ ಜಾತ್ರೆಗೆ, ಅಕ್ಟೋಬರಿನ ಕಿತ್ತೂರು ಉತ್ಸವಕ್ಕೆ, ಬೈಲಹೊಂಗಲದ ಮದುವೆ ಮಂಟಪಗಳಿಗೆ ಕೂಡ ಇದೇ ಮಾತು ಸಣ್ಣ ಪ್ರಮಾಣದಲ್ಲಿ ಅನ್ವಯಿಸುತ್ತದೆ. ಪರಿಹಾರಗಳೇನೂ ಗುಟ್ಟಲ್ಲ. ಉಣ್ಣಲು ಯೋಗ್ಯವಾದದ್ದನ್ನು ಹಂಚಬೇಕು, ಉಳಿದದ್ದರಿಂದ ಅನಿಲ ಅಥವಾ ಗೊಬ್ಬರ ಮಾಡಬೇಕು. ಒಂದು ಊರಲ್ಲಿ ನಡೆದದ್ದನ್ನು ಹತ್ತು ಊರಿಗೆ ಒಯ್ಯುವುದು ಮಾತ್ರ ನಮ್ಮಿಂದ ಆಗುತ್ತಿಲ್ಲ. ಅದಕ್ಕೆ ಅನುದಾನ ಬೇಕೇ ಬೇಕು. ಆದರೆ ಆ ಹಣ ಮೊದಲು ಸೇರಬೇಕಾದದ್ದು ಕೆಲಸ ನಡೆಸುವವರ ಕೂಲಿಗೆ. ಯಂತ್ರದ ಸರದಿ ಆಮೇಲೆ.

ನಮ್ಮ ವ್ಯವಸ್ಥೆ ಇದಕ್ಕೆ ತಿರುವುಮುರುವಾಗಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಯಲ್ಲಮ್ಮನಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇದು ರಾಜ್ಯಗಳ ಬಂಡವಾಳ ಹೂಡಿಕೆಗೆಂದು ಕೊಡುವ, 50 ವರ್ಷಗಳಲ್ಲಿ ತೀರಿಸಬೇಕಾದ ಬಡ್ಡಿರಹಿತ ಸಾಲ. ಬಂಡವಾಳ ಎಂದರೆ ಕಟ್ಟಡ, ರಸ್ತೆ, ಯಂತ್ರ. ದಿನದಿನದ ಕೂಲಿ ಅದರ ಲೆಕ್ಕಕ್ಕೆ ಬಾರದು. ಸ್ವಚ್ಛ ಭಾರತ ಗ್ರಾಮೀಣ ಯೋಜನೆಯ ಎರಡನೇ ಹಂತದಲ್ಲಿ ಗೋಬರ್‌ಧನ್ ಹೆಸರಿನಲ್ಲಿ ಸಮುದಾಯ ಜೈವಿಕ ಅನಿಲ ಘಟಕಗಳಿಗೆ ಜಿಲ್ಲೆಗೆ 50 ಲಕ್ಷ ರೂಪಾಯಿವರೆಗೆ ನೆರವಿಟ್ಟರು. ಅದೂ ಘಟಕ ಕಟ್ಟುವುದಕ್ಕೇ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ನೈರ್ಮಲ್ಯಕ್ಕೂ ಕುಡಿಯುವ ನೀರಿಗೂ ಸಮನಾಗಿ ಮೀಸಲಿಟ್ಟಿತು. ಅದು ಒಳ್ಳೆಯ ನಿರ್ಧಾರವೇ. ಉಳಿದ ಹಣವನ್ನು ಪಂಚಾಯಿತಿ ತನ್ನ ಅಗತ್ಯಕ್ಕೆ ತಕ್ಕಂತೆ ಬಳಸಬಹುದಿತ್ತು, ಸಂಬಳಕ್ಕೆ ಮಾತ್ರ ಬಳಸುವಂತಿರಲಿಲ್ಲ. ಹೀಗೆ ಹಣ ಬರುವ ದಾರಿಗಳೆಲ್ಲ ಕಟ್ಟುವ ಕಡೆಗೇ ಹೊರಳುತ್ತವೆ. ಕಟ್ಟಿದ್ದನ್ನು ಮೂರನೇ ವರ್ಷ ನಡೆಸುವವರು ಯಾರು ಎಂಬ ಪ್ರಶ್ನೆಗೆ ಯಾವ ಕಡತದಲ್ಲೂ ಉತ್ತರ ಸಿಗುವುದಿಲ್ಲ.

ಉತ್ತರವಿಲ್ಲದೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ಕಂಡಿದೆ. ಅಲ್ಲಿ ಮಹಾನಗರ ಪಾಲಿಕೆ ವಾರ್ಡುಗಳಲ್ಲಿ ಕಟ್ಟಿಸಿದ ಜೈವಿಕ ಅನಿಲ ಘಟಕಗಳಲ್ಲಿ ಹಲವು ನಿಂತುಹೋದವು. ತಂತ್ರಜ್ಞಾನ ಸುಳ್ಳಾಗಿರಲಿಲ್ಲ, ಬೇರ್ಪಡಿಸಿದ ಹಸಿಕಸ ಬರಲಿಲ್ಲ, ನಿರ್ವಹಣೆಯೂ ಇರಲಿಲ್ಲ. ಯಲ್ಲಮ್ಮನಗುಡ್ಡದಲ್ಲಿ ಕಷ್ಟ ಇನ್ನೂ ಹೆಚ್ಚು. ಮಂಗಳವಾರ, ಶುಕ್ರವಾರಗಳ ಜನವೇ ಬೇರೆ, ಹುಣ್ಣಿಮೆಯ ಜನಸಾಗರವೇ ಬೇರೆ. ಜೈವಿಕ ಅನಿಲದ ತೊಟ್ಟಿಯನ್ನು ನಡೆಸುವುದು ಜೀವಾಣುಗಳು. ಒಮ್ಮೆಲೇ ಅನ್ನ, ಹೋಳಿಗೆ ಸುರಿದರೆ ಒಳಗಿನದೆಲ್ಲ ಹುಳಿಯಾಗಿ ಅನಿಲ ಹುಟ್ಟುವುದೇ ನಿಲ್ಲುತ್ತದೆ. ಸಗಣಿ ರಾಡಿ ಹಾಕಿ ವಾರಗಟ್ಟಲೆ ಮತ್ತೆ ಸರಿದಾರಿಗೆ ತರಬೇಕು. ಹುಣ್ಣಿಮೆಯ ರಾಶಿಗೆ ತಕ್ಕಷ್ಟು ದೊಡ್ಡ ತೊಟ್ಟಿ ಕಟ್ಟಿದರೆ ಉಳಿದ ದಿನ ಅದಕ್ಕೆ ಹೊಟ್ಟೆತುಂಬ ಸಿಗುವುದಿಲ್ಲ. ದಿನನಿತ್ಯದ ಕಸಕ್ಕೆ ತಕ್ಕಂತೆ ಕಟ್ಟಿದರೆ ಹುಣ್ಣಿಮೆಯಂದು ಸಾಲುವುದಿಲ್ಲ. ಆದ್ದರಿಂದ ದಾಸೋಹದ ಅಡುಗೆಮನೆಯಿಂದ ದಿನವೂ ಬರುವ ಕಸಕ್ಕೆ ಸಣ್ಣ ತೊಟ್ಟಿ ಸಾಕು. ಹುಣ್ಣಿಮೆಯ ರಾಶಿಗೆ ಒಣ ಎಲೆ, ಸೋಯಾ ಹೊಟ್ಟು, ಕಬ್ಬಿನ ರವದಿ ಬೆರೆಸಿ ಗೊಬ್ಬರ ಮಾಡುವ ಬಯಲು ಜಾಗ ಬೇಕು. ಸೋಯಾ, ಕಬ್ಬು ಬೆಳೆಯುವ ಬೈಲಹೊಂಗಲ ಸೀಮೆಯಲ್ಲಿ ಹೊಟ್ಟು, ರವದಿಗೆ ಬರವಿಲ್ಲ. ಈ ವ್ಯವಸ್ಥೆಯಲ್ಲಿ ಯಂತ್ರದ ಖರ್ಚು ಕಡಿಮೆ, ಆಳಿನ ಖರ್ಚು ಹೆಚ್ಚು. ಒಲೆಗಳ ಬಳಿಗೇ ಹೋಗಿ ಹಸಿ-ಒಣ ಬೇರೆ ಮಾಡಿಸುವವರು, ತೂಗುವವರು, ರಾಶಿ ಮಗುಚುವವರು ಬೇಕು. ಗ್ರಾಮ ಪಂಚಾಯಿತಿಗಳ ಸ್ವಚ್ಛ ವಾಹಿನಿ ಗಾಡಿಗಳನ್ನು ಇಂದು ಸ್ವಸಹಾಯ ಸಂಘಗಳ ಮಹಿಳೆಯರೇ ಓಡಿಸುತ್ತಿದ್ದಾರೆ. ಈ ಕೆಲಸವನ್ನೂ ಅವರು ಮಾಡಬಲ್ಲರು, ಆದರೆ ಪುಕ್ಕಟೆಯಾಗಿ ಮಾಡಿ ಎಂದು ಕೇಳುವುದು ಅನ್ಯಾಯ.

ಕೂಲಿಗೆ ಅನುದಾನ ಕೊಟ್ಟರೆ ಅದು ಎಂದೂ ಮುಗಿಯದ ಹೊರೆ ಎಂದು ಹಣಕಾಸಿನವರು ಆಕ್ಷೇಪಿಸುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ. ಒಂದು ಟನ್ ಆಹಾರ ತ್ಯಾಜ್ಯದಿಂದ ಸುಮಾರು 80ರಿಂದ 100 ಘನ ಮೀಟರ್ ಜೈವಿಕ ಅನಿಲ ಸಿಗುತ್ತದೆ; ಹೋಟೆಲುಗಳು ಬಳಸುವ 19 ಕಿಲೋದ ಎರಡು ಸಿಲಿಂಡರ್‌ಗೆ ಅದು ಸಮ. ಗೊಬ್ಬರದ ಬೆಲೆ ಸೇರಿಸಿದರೂ ಕೂಲಿಯ ಒಂದು ಪಾಲು ಹುಟ್ಟೀತೇ ಹೊರತು ಪೂರ್ತಿ ಹುಟ್ಟದು. ಆದರೆ ಬೀದಿದೀಪ ಲಾಭ ತರಲಿ ಎಂದು ಯಾರೂ ಕೇಳುವುದಿಲ್ಲ. ಇದೂ ಅಂಥದ್ದೇ ಸೇವೆ. ಹೊರೆ ಬೆಳೆಯದಂತೆ ಅನುದಾನವನ್ನು ಹಂತಹಂತವಾಗಿ ಇಳಿಸಬಹುದು. ಮೊದಲ ವರ್ಷ ಎಲ್ಲ ಹುಣ್ಣಿಮೆಗಳನ್ನೂ ಒಳಗೊಂಡು ತೂಕದ ಲೆಕ್ಕ ಇಡಲು ಮತ್ತು ಕೂಲಿಗೆ ಪೂರ್ತಿ ಹಣ ಸಿಗಲಿ. ಎರಡನೇ ವರ್ಷದಿಂದ ತಿಪ್ಪೆಗೆ ಹೋಗದಂತೆ ತಡೆದ ಟನ್ನಿಗೆ ಇಷ್ಟು ಎಂದು ಹಣ ಬರಲಿ. ಆಮೇಲೆ ದೇವಸ್ಥಾನದ ಆದಾಯ ಮತ್ತು ಮಂಟಪಗಳ ಶುಲ್ಕ ಜಾಗ ತುಂಬಲಿ. ದಕ್ಷಿಣ ಕೊರಿಯಾ 2005ರಲ್ಲಿ ಆಹಾರ ತ್ಯಾಜ್ಯವನ್ನು ನೇರವಾಗಿ ಹೂಳುವುದನ್ನು ನಿಷೇಧಿಸಿ, 2013ರಲ್ಲಿ ಎಸೆದಷ್ಟಕ್ಕೆ ಶುಲ್ಕ ಹಾಕಿತು. ಅಳತೆಗೆ ತಕ್ಕ ಹಣ ಎಂಬ ಆ ನಿಯಮ ನಮಗೂ ಹೊಂದುತ್ತದೆ. ಕಂಪನಿ ಕಾಯ್ದೆಯಡಿಯ ಸಾಮಾಜಿಕ ಹೊಣೆಗಾರಿಕೆ ನಿಧಿಯ ಪಟ್ಟಿಯಲ್ಲಿ ಹಸಿವಿನ ನಿವಾರಣೆಯೇ ಮೊದಲ ಸಾಲಿನಲ್ಲಿದೆ. ಮೊದಲ ಹಂತದ ಕೂಲಿಗೆ ಆ ಹಣವನ್ನು ಕೇಳಲು ಸಂಕೋಚ ಬೇಡ.

ನಮ್ಮಲ್ಲಿ ಅನ್ನ ಚೆಲ್ಲುವುದಿಲ್ಲ, ಉಳಿದದ್ದು ದನಕ್ಕೆ ಹೋಗುತ್ತದೆ ಎನ್ನುವವರಿದ್ದಾರೆ. ಮನೆಯ ಮಟ್ಟಿಗೆ ಅದು ಬಹಳಷ್ಟು ನಿಜ. ಆದರೆ ಔತಣದ ಅನ್ನ, ಸಿಹಿ ಒಟ್ಟಿಗೇ ತಿಂದ ದನದ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಅದು ಸಾಯಲೂಬಹುದು ಎಂಬುದು ರೈತರಿಗೆ ಗೊತ್ತು. ಔತಣಗಳಲ್ಲಿ ಚೆಲ್ಲುವುದೂ ಸಣ್ಣದಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಧ್ಯಯನ ಆ ಒಂದು ನಗರದ ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ವ್ಯರ್ಥವಾಗುತ್ತದೆ ಎಂದು 2012ರಲ್ಲಿ ಹೇಳಿತು. ಉಳಿದದ್ದನ್ನು ಹಂಚಿದರೆ ಯಾರಿಗಾದರೂ ಹೊಟ್ಟೆ ಕೆಟ್ಟೀತು, ಕೇಸಾದೀತು ಎಂಬ ಮಂಟಪದವರ ಹೆದರಿಕೆಯೂ ಸಹಜ. ಆದರೆ ಹೆಚ್ಚುವರಿ ಆಹಾರದ ಸಂಗ್ರಹ, ಹಂಚಿಕೆಗೆಂದೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮ ಮಾಡಿದೆ. ಬಡಿಸದೆ ಉಳಿದದ್ದನ್ನು ಬಿಸಿಯಾಗಿ ಮುಚ್ಚಿಟ್ಟು, ಮಾಡಿದ ಹೊತ್ತು ಬರೆದು, ಬೇಗ ತಲುಪಿಸಲು ಒಂದು ಗಾಡಿ, ಕೆಲವು ಶಾಖ ಕಾಯುವ ಡಬ್ಬಿ, ತರಬೇತಿ ಪಡೆದ ಇಬ್ಬರು ಸಾಕು. ಬೈಲಹೊಂಗಲದಂಥ ಊರಿಗೆ ಇದು ಕೋಟಿಯ ಮಾತಲ್ಲ. ರಸ್ತೆ, ಶಾಲೆಗಳಿಗೇ ದುಡ್ಡಿಲ್ಲದಾಗ ಇದೇಕೆ ಎಂದು ಕೇಳುವವರಿಗೂ ನನ್ನ ಉತ್ತರ ಇದೇ: ಇಲ್ಲಿ ಕೇಳುತ್ತಿರುವುದು ಸಣ್ಣ ಮೊತ್ತ, ಅದೂ ತೂಗಿ ತೋರಿಸಿದ ಮೇಲೆ ಮಾತ್ರ ಮುಂದುವರಿಯುವ ಮೊತ್ತ.

ಯಲ್ಲಮ್ಮ ಕ್ಷೇತ್ರದ ಪ್ರಾಧಿಕಾರವೂ ಬೆಳಗಾವಿ ಜಿಲ್ಲಾ ಪಂಚಾಯಿತಿಯೂ ಸವದತ್ತಿ, ರಾಮದುರ್ಗ, ಕಿತ್ತೂರು, ಬೈಲಹೊಂಗಲ ತಾಲ್ಲೂಕುಗಳ ಶಾಸಕರೂ ಒಂದೆಡೆ ಕೂತು ಮುಂದಿನ ಬನದ ಹುಣ್ಣಿಮೆಗೆ ಮೊದಲು ಎರಡು ಕೆಲಸ ಮಾಡಲಿ: ಗುಡ್ಡದ ಮೇಲೆ ತಕ್ಕಡಿ ಇಡಿಸಲಿ, ಕಸ ಬೇರ್ಪಡಿಸುವ ಮಹಿಳೆಯರಿಗೆ ಒಂದು ವರ್ಷದ ಕೂಲಿಯನ್ನು ಬಜೆಟ್ಟಿನಲ್ಲಿ ಬರೆಯಲಿ. ಘಟಕದ ಟೆಂಡರ್ ಆ ವರ್ಷದ ತೂಕದ ಲೆಕ್ಕ ಕೈಗೆ ಬಂದ ಮೇಲೆ ಕರೆಯಲಿ.