ಕಡಲಿಲ್ಲದ ಊರಿನ ಹಡಗು

ಕೋಲಾರ ಜಿಲ್ಲೆಗೂ ಹಡಗಿಗೂ ಏನು ಸಂಬಂಧ ಎಂದು ಕೇಳಿದರೆ ಯಾರಾದರೂ ನಕ್ಕುಬಿಡುತ್ತಾರೆ. ಇಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲ. ಸಮುದ್ರ ನೋಡಬೇಕೆಂದರೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಸುಮಾರು 290 ಕಿಲೋಮೀಟರ್ ದೂರದ ಚೆನ್ನೈಗೆ ಹೋಗಬೇಕು. ಆದರೆ ಒಂದು ಲೆಕ್ಕ ಹಾಕಿ ನೋಡಿ. ಕೆ.ಜಿ.ಎಫ್. ಇರುವುದು ಸಮುದ್ರಮಟ್ಟಕ್ಕಿಂತ ಒಂದು ಕಿಲೋಮೀಟರಿಗೂ ಕಡಿಮೆ ಎತ್ತರದಲ್ಲಿ. ಚಾಂಪಿಯನ್ ರೀಫ್ ಗಣಿಯ ಆಳವೋ ಮೂರು ಕಿಲೋಮೀಟರಿಗೂ ಹೆಚ್ಚು. ಅಂದರೆ ಜೀವಮಾನದಲ್ಲಿ ಕಡಲನ್ನೇ ಕಾಣದ ನಮ್ಮ ಹಿರಿಯರು ಕಡಲ ಮಟ್ಟಕ್ಕಿಂತ ಎರಡು ಕಿಲೋಮೀಟರ್ ಕೆಳಗೆ ನಿಂತು ಬಂಡೆ ಕೊರೆದಿದ್ದಾರೆ!

ಇನ್ನೊಂದು ಸಂಬಂಧ ಬೂದಿಕೋಟೆಯದು. ನಮ್ಮ ಬಂಗಾರಪೇಟೆ ತಾಲೂಕಿನ ಈ ಹಳ್ಳಿಯಲ್ಲೇ ಹೈದರಾಲಿ ಹುಟ್ಟಿದ್ದು. 1763ರಲ್ಲಿ ಬಿದನೂರು ಸಂಸ್ಥಾನ ಕೈಸೇರಿದಾಗ ಅದರ ಜೊತೆ ಕರಾವಳಿಯ ಬಂದರುಗಳೂ ಬಂದವು. ಬಯಲುಸೀಮೆಯಲ್ಲಿ ಕುದುರೆಯ ಮೇಲೆ ಬೆಳೆದ ಮನುಷ್ಯ ಆಗ ನೌಕಾಪಡೆ ಕಟ್ಟಲು ಹೊರಟ. 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ನುಗ್ಗಿ ಅವನ ಹಡಗುಗಳನ್ನು ನಾಶಮಾಡಿದ. ಮಗ ಟಿಪ್ಪು 1796ರಲ್ಲಿ ಮತ್ತೆ ಆ ಕೆಲಸ ಕೈಗೆತ್ತಿಕೊಂಡ. ನೌಕಾಪಡೆಗೆಂದೇ 'ಮೀರ್ ಯಂ' ಎಂಬ ಅಧಿಕಾರಿಗಳನ್ನು ನೇಮಿಸಿದ. ಮಂಗಳೂರೂ ಸೇರಿದಂತೆ ಕರಾವಳಿಯ ಮೂರು ಕಡೆ ಸುಮಾರು 40 ಹಡಗು ಕಟ್ಟುವಂತೆ ಹುಕುಂ ಹೊರಡಿಸಿದ. ಆ ಹಡಗುಗಳ ಮಾದರಿಯನ್ನು ಸುಲ್ತಾನನೇ ಒದಗಿಸಿದ್ದನೆಂದು ಇತಿಹಾಸಕಾರ ಮೊಹಿಬ್ಬುಲ್ ಹಸನ್ ಬರೆದಿದ್ದಾರೆ. ಮೂರೇ ವರ್ಷಗಳಲ್ಲಿ ಶ್ರೀರಂಗಪಟ್ಟಣ ಬಿದ್ದುಹೋಯಿತು. ಆ ಕನಸೂ ಅಲ್ಲಿಗೆ ಮುಗಿಯಿತು.

ಮಾದರಿ ಎಂದರೆ ಆಟಿಕೆಯಲ್ಲ ಎಂಬುದನ್ನು ಗಮನಿಸಿ. ದೊಡ್ಡ ಹಡಗು ಕಟ್ಟುವ ಬಡಗಿಗೆ ಕಾಗದದ ನಕ್ಷೆಗಿಂತ ಕೈಯಲ್ಲಿ ಹಿಡಿದು ತಿರುಗಿಸಿ ನೋಡಬಹುದಾದ ಚಿಕ್ಕ ಹಡಗೇ ಹೆಚ್ಚು ಅರ್ಥವಾಗುತ್ತಿತ್ತು.

ಇದೆಲ್ಲ ಈಗ ಏಕೆ ಎನ್ನುತ್ತೀರಾ? ನಂದಿದುರ್ಗ ಗಣಿಯ ಪಕ್ಕದ ನಮ್ಮ ಮನೆಯಲ್ಲಿ ಎಂಟು ತಿಂಗಳಿಂದ ಒಂದು ಹಡಗು ತಯಾರಾಗುತ್ತಿದೆ. ಮದುವೆ ಕಾರ್ಡು, ಅಗರಬತ್ತಿ ಕಡ್ಡಿ, ಹೊಲಿಗೆ ದಾರ, ಸುಟ್ಟುಹೋದ ಮೋಟಾರಿನ ತಾಮ್ರದ ತಂತಿ, ಫೆವಿಕಾಲ್. ಇಷ್ಟೇ ಸಾಮಾನು. ಕಟ್ಟುತ್ತಿರುವವಳು ದ್ವಿತೀಯ ಪಿ.ಯು.ಸಿ. ಓದುವ ನನ್ನ ಮಗಳು. ಅವಳ ಮೇಸ್ತ್ರಿ ನಮ್ಮ ಮಾವನವರು. ಅವರು ಮೈನ್ಸ್ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಆಮೇಲೆ ಬಹಳ ಮನೆಗಳ ಗಂಡಸರು ಬೆಳಗಿನ ರೈಲಿಗೆ ಬೆಂಗಳೂರಿಗೆ ಓಡಾಡಿ ದುಡಿದರು. ಮಾವನವರೂ ಓಡಾಡಿದರು. ಆದರೆ ಅರಗಾಣಿ ಹಿಡಿದ ಕೈಗೆ ಕಾವಲುಗಾರನ ಲಾಠಿ ಒಗ್ಗುವುದು ಸುಲಭವೇ?

ಅವರು ಆರಿಸಿದ ಹಡಗಿನ ಹೆಸರು ಐ.ಎನ್.ಎಸ್. ಮೈಸೂರು. ನಮ್ಮ ರಾಜ್ಯದ ಹೆಸರು ಹೊತ್ತ ಮೊದಲ ಭಾರತೀಯ ಯುದ್ಧನೌಕೆ. ಅದರ ಲಾಂಛನ ಗಂಡಭೇರುಂಡ. ಹುಟ್ಟಿದ್ದು ಮಾತ್ರ ಇಂಗ್ಲೆಂಡಿನ ಟೈನ್ ನದಿಯ ದಂಡೆಯ ವಿಕರ್ಸ್ ಕಾರ್ಖಾನೆಯಲ್ಲಿ, 'ನೈಜೀರಿಯಾ' ಎಂಬ ಹೆಸರಿನಲ್ಲಿ. 1939ರ ಜುಲೈ 18ರಂದು ಅದನ್ನು ನೀರಿಗಿಳಿಸಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಭಾರತ ಅದನ್ನು ಕೊಂಡು, ಬರ್ಕನ್‌ಹೆಡ್‌ನ ಹಡಗುಕಟ್ಟೆಯಲ್ಲಿ ಪೂರ್ತಿ ರಿಪೇರಿ ಮಾಡಿಸಿ, 1957ರ ಆಗಸ್ಟ್ 29ರಂದು ಹೊಸ ಹೆಸರಿನಿಂದ ಸೇವೆಗೆ ಸೇರಿಸಿತು. 1971ರಲ್ಲಿ ಪಶ್ಚಿಮ ನೌಕಾದಳದ ಮುಖ್ಯ ಹಡಗು ಇದೇ. ಕೊನೆಕೊನೆಗೆ ಕೆಡೆಟ್‌ಗಳಿಗೆ ತರಬೇತಿ ಕೊಟ್ಟು 1985ರ ಆಗಸ್ಟ್ 20ರಂದು ನಿವೃತ್ತಿಯಾಯಿತು. ಈಗಿರುವ ಐ.ಎನ್.ಎಸ್. ಮೈಸೂರು ಬೇರೆ. ಅದು 1999ರಲ್ಲಿ ಸೇವೆಗೆ ಸೇರಿದ್ದು.

ಹಳೆಯ ಹಡಗಿನ ಉದ್ದ ಸುಮಾರು 169 ಮೀಟರ್, ಅಗಲ ಸುಮಾರು 19 ಮೀಟರ್. ನಮ್ಮವಳು ಆರಿಸಿದ ಪ್ರಮಾಣ 200ಕ್ಕೆ ಒಂದು. ಅಂದರೆ ಮೇಜಿನ ಮೇಲೆ ಎಂಬತ್ತನಾಲ್ಕೂವರೆ ಸೆಂಟಿಮೀಟರ್ ಉದ್ದ, ಒಂಬತ್ತೂವರೆ ಅಗಲ. ಈ 'ಇನ್ನೂರು' ಮನೆಯೊಳಗೆ ಬಂದದ್ದೇ ತಡ, ಎಲ್ಲರಿಗೂ ಒಂದು ಚಟ ಹತ್ತಿತು. ಅಡುಗೆಮನೆಯ ಯಾವ ವಸ್ತು ಕಂಡರೂ ಇನ್ನೂರರಿಂದ ಗುಣಿಸುವುದು! ಅಗರಬತ್ತಿಯ ಕಡ್ಡಿ ಒಂದೂಕಾಲು ಮಿಲಿಮೀಟರ್ ದಪ್ಪ, ಗುಣಿಸಿದರೆ 25 ಸೆಂಟಿಮೀಟರ್. ಆರು ಇಂಚಿನ ಫಿರಂಗಿಯ ನಳಿಗೆಗೆ ಹೇಳಿ ಮಾಡಿಸಿದ ಹಾಗಿದೆ. ಅಂಚಿನ ಕಟಾಂಜನದ ಕಂಬಗಳಿಗೆ ಗುಂಡುಸೂಜಿ ಆಗಬಹುದೆಂದು ನಾನು ಡಬ್ಬಿ ತಂದುಕೊಟ್ಟೆ. "ಅಮ್ಮಿ, ಇದು ಹನ್ನೆರಡು ಸೆಂಟಿಮೀಟರ್ ದಪ್ಪದ ಕಂಬ ಆಗುತ್ತೆ. ಹಡಗಿಗೆ ಕಟಾಂಜನ ಅಲ್ಲ, ಸೆರೆಮನೆ ಆಗುತ್ತೆ" ಎಂದು ಹಿಂದಿರುಗಿಸಿದಳು. ಕೂದಲೆಳೆಯಂಥ ತಾಮ್ರದ ತಂತಿಯೇ ಬೇಕಾಯಿತು. ಬಣ್ಣದ ವಿಷಯವೂ ಅಷ್ಟೇ. ಎರಡು ಬಾರಿ ದಪ್ಪಗೆ ಬಳಿದರೆ ಇನ್ನೂರರ ಲೆಕ್ಕದಲ್ಲಿ ಅದು ನಾಲ್ಕು ಬೆರಳಿನ ಗಿಲಾವು. ಕಿಟಕಿ, ಬಾಗಿಲು, ಏಣಿ ಎಲ್ಲ ಅದರಡಿ ಮುಚ್ಚಿಹೋಗುತ್ತವೆ.

ಮನುಷ್ಯ ಎಷ್ಟಿರುತ್ತಾನೆ ಗೊತ್ತೇ? ಒಂದು ಬಾಸ್ಮತಿ ಅಕ್ಕಿಕಾಳಿನಷ್ಟು. ಎಂಟೂವರೆ ಮಿಲಿಮೀಟರ್.

ಮಕ್ಕಳಿಗೆ ಮಾಡಿಸಬೇಕೆನ್ನುವ ತಾಯಂದಿರಿಗಾಗಿ ವಿಧಾನವನ್ನು ಸ್ವಲ್ಪ ಹೇಳುತ್ತೇನೆ. ಹಡಗಿನ ಒಡಲು ಮೀನಿನ ಮುಳ್ಳಿನಂತೆ. ಉದ್ದಕ್ಕೆ ಒಂದು ಬೆನ್ನೆಲುಬು, ಅಡ್ಡಕ್ಕೆ ಪಕ್ಕೆಲುಬುಗಳು. ದಪ್ಪ ರಟ್ಟಿನಲ್ಲಿ ಕತ್ತರಿಸಿ, ಒಂದಕ್ಕೊಂದು ಸೀಳಿನಲ್ಲಿ ಕೂರಿಸಬೇಕು. ನೀರಿನ ಮಟ್ಟಕ್ಕಿಂತ ಕೆಳಗಿನ ಭಾಗವನ್ನು ಬಿಟ್ಟುಬಿಟ್ಟರೆ ಕೆಲಸ ಅರ್ಧಕ್ಕರ್ಧ ಕಡಿಮೆ. ತಳ ಚಪ್ಪಟೆಯಾಗಿ ಮೇಜಿನ ಮೇಲೆ ಗಟ್ಟಿಯಾಗಿ ಕೂರುತ್ತದೆ, ನೀರಿನಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ಮೇಲಿನ ಹೊದಿಕೆಗೆ ನಮ್ಮ ಮನೆಗಳಲ್ಲಿ ಮದುವೆ ಕಾರ್ಡುಗಳಿಗೆ ಬರವೇ? ಚಿನ್ನದ ಅಚ್ಚಿರುವ ಮುಖ ಒಳಗೆ ಹೋಗಲಿ. ಪಟ್ಟಿ ಪಟ್ಟಿಯಾಗಿ ಅಂಟಿಸಬೇಕು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ. ಒಂದೇ ಬದಿ ಮುಗಿಸಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಅಂಟು ಒಣಗಿ ಹಡಗು ಬಾಳೆಹಣ್ಣಿನಂತೆ ಬಗ್ಗಿರುತ್ತದೆ. ಮೈದಾ ಅಂಟು ಮಾತ್ರ ಬೇಡ, ಜಿರಲೆಗೆ ಹಬ್ಬವಾಗುತ್ತದೆ. ಹಗ್ಗಗಳಿಗೆ ಹೊಲಿಗೆ ದಾರ ಸಾಕು. ಆದರೆ ಅದರ ಜುಂಗು ಹಡಗಿಗೆ ಪಾಚಿ ಕಟ್ಟಿದ ಹಾಗೆ ಕಾಣುತ್ತದೆ. ಮೇಣದಬತ್ತಿಯ ಮೇಲೆ ಎರಡು ಸಲ ಎಳೆದರೆ ನುಣುಪಾಗುತ್ತದೆ. ಲಂಗರಿನ ಸರಪಳಿಗೆ ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ತೀರಾ ಸಣ್ಣ ಎಳೆಯ ಸರ ನಡೆಯುತ್ತದೆ.

ಈ ಹಡಗಿನ ಗುರುತು ಅದರ ಎರಡು ಹೊಗೆಕೊಳವೆಗಳು. ನೆಟ್ಟಗೆ ನಿಂತಿರುತ್ತವೆ. ಅದಕ್ಕಿಂತ ಸ್ವಲ್ಪ ಹಿಂದಿನ ಬ್ರಿಟಿಷ್ ಕ್ರೂಸರ್‌ಗಳಲ್ಲಿ ಅವು ಹಿಂದಕ್ಕೆ ವಾಲಿರುತ್ತಿದ್ದವು. ವಾಲಿದರೆ ವೇಗ ಇದ್ದಂತೆ ಕಾಣುತ್ತದೆ, ನೋಡಲೂ ಚೆನ್ನ. ಆದರೆ ವಾಲಿಸಿದರೆ ಅದು ಮೈಸೂರು ಆಗುವುದಿಲ್ಲ. ಹಿಂಭಾಗವೂ ದುಂಡಗಿಲ್ಲ, ಕತ್ತರಿಸಿದಂತೆ ಚಪ್ಪಟೆ.

ನಿಜವಾದ ಜಗಳ ಆದದ್ದು ಫಿರಂಗಿ ಗೋಪುರಗಳ ವಿಷಯದಲ್ಲಿ. ಮಗಳಿಗೆ ಸಿಕ್ಕಿದ ಸ್ಪಷ್ಟವಾದ ಚಿತ್ರಗಳೆಲ್ಲ 'ನೈಜೀರಿಯಾ' ಕಾಲದವು. ಅದರಲ್ಲಿ ಮುಂದೆ ಎರಡು, ಹಿಂದೆ ಎರಡು ಗೋಪುರ. ಒಂದೊಂದರಲ್ಲಿ ಮೂರರಂತೆ 12 ಫಿರಂಗಿ. ಭಾರತಕ್ಕೆ ಬಂದ ಹಡಗಿನಲ್ಲಿ ಗೋಪುರ ಮೂರೇ, ಫಿರಂಗಿ ಒಂಬತ್ತೇ. ಹಿಂದಿನ ಎರಡರಲ್ಲಿ ಎತ್ತರದಲ್ಲಿದ್ದುದನ್ನು ತೆಗೆದುಹಾಕಿದ್ದರು. ಮೂರು ಕಾಲಿನ ಹಳೆಯ ಕಂಬಗಳ ಜಾಗದಲ್ಲಿ ಜಾಲರಿ ಕಂಬಗಳನ್ನು ನಿಲ್ಲಿಸಿದ್ದರು, ಮುಂದಿನ ಸೇತುವೆಯ ಅಂತಸ್ತನ್ನೂ ಬದಲಿಸಿದ್ದರು. ಮಗಳು ನಾಲ್ಕು ಗೋಪುರ ಕತ್ತರಿಸಿಟ್ಟುಕೊಂಡಿದ್ದಳು, ಇನ್ನೂ ಅಂಟಿಸಿರಲಿಲ್ಲ. "ನಾಲ್ಕಿದ್ದರೆ ಹಡಗು ತುಂಬಿದ ಹಾಗೆ ಕಾಣುತ್ತೆ ದಾದಾ, ಯಾರಿಗೆ ಗೊತ್ತಾಗುತ್ತೆ?" ಎಂದಳು. ಮಾವನವರು ಕನ್ನಡಕ ತೆಗೆದು, "ಬೇಟಿ, ಹೆಸರು ಮೈಸೂರು ಅಂತ ಬರೀತೀಯಾ? ಹಾಗಿದ್ದರೆ ಮೂರು. ನಾಲ್ಕೇ ಬೇಕಾದರೆ ನೈಜೀರಿಯಾ ಅಂತ ಬರಿ. ಎರಡು ಹಡಗು ಕೂಡಿಸಿ ಒಂದು ಮಾಡಬಾರದು" ಎಂದರು. ಎರಡು ದಿನ ಮಾತುಕತೆ ಇರಲಿಲ್ಲ. ಮೂರನೇ ದಿನ ಅವಳೇ ನಾಲ್ಕನೇ ಗೋಪುರವನ್ನು ಸೂಜಿದಾರದ ಡಬ್ಬಿಗೆ ಹಾಕಿದಳು. ಜಾಲರಿ ಕಂಬದ ಭಾರ ಮಾವನವರು ವಹಿಸಿಕೊಂಡರು. ಹಲಗೆಗೆ ಮೊಳೆ ಹೊಡೆದು, ಮೊಳೆಗಳ ನಡುವೆ ತಾಮ್ರದ ತಂತಿ ಎಳೆದು, ಸೇರುವಲ್ಲೆಲ್ಲ ಬೆಸುಗೆ ಹಾಕಿದರು. ಕೈ ಈಗ ನಡುಗುತ್ತದೆ. ಉಸಿರು ಬಿಗಿಹಿಡಿದು, ನಡುಕ ನಿಂತ ಕ್ಷಣದಲ್ಲಿ ಒಂದು ಚುಕ್ಕಿ ಇಡುತ್ತಿದ್ದರು. "ನಮ್ಮ ಶಾಫ್ಟಿನ ಮೇಲಿನ ಗೋಪುರಾನೂ ಹೀಗೇ ಅಲ್ಲವಾ" ಎಂದರು. ಇಪ್ಪತ್ತು ವರ್ಷಗಳಲ್ಲಿ ಗಣಿಯ ಬಗ್ಗೆ ಅವರು ತಾವಾಗಿಯೇ ಆಡಿದ ಮಾತುಗಳನ್ನು ನಾನು ಬೆರಳಿನಲ್ಲಿ ಎಣಿಸಬಲ್ಲೆ.

ಕೊಲ್ಲುವ ಯಂತ್ರವನ್ನು ಮಕ್ಕಳ ಕೈಗೆ ಆಟಿಕೆಯಾಗಿ ಕೊಡುವುದು ಸರಿಯೇ ಎಂದು ನೆರೆಮನೆಯ ಆಪಾ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. 1942ರ ಆಗಸ್ಟ್ 12ರಂದು ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುತ್ತಿದ್ದ ಹಡಗುಗಳಿಗೆ ಕಾವಲಾಗಿ ಹೋಗುತ್ತಿದ್ದಾಗ ಈ ಹಡಗಿಗೆ ಇಟಲಿಯ ಜಲಾಂತರ್ಗಾಮಿಯ ಟಾರ್ಪೆಡೊ ಬಡಿಯಿತು. 52 ಮಂದಿ ಸತ್ತರು. ಹಡಗು ಮುಳುಗಲಿಲ್ಲ. ಅದನ್ನು ಓದಿದ ರಾತ್ರಿ ಮಗಳು ಅಕ್ಕಿ ಡಬ್ಬದಿಂದ 52 ಕಾಳು ಎಣಿಸಿ ಹಡಗಿನ ಪಕ್ಕ ಇಟ್ಟಳು. ಅಂಗೈಯ ಮೂಲೆಯೂ ತುಂಬಲಿಲ್ಲ. ಸ್ವಲ್ಪ ಹೊತ್ತು ನೋಡಿ ಮತ್ತೆ ಡಬ್ಬಕ್ಕೆ ಹಾಕಿದಳು. ಫಿರಂಗಿಗಳನ್ನು ಮೇಲೆತ್ತಿ ನಿಲ್ಲಿಸಬೇಕೆಂದಿದ್ದವಳು ಮಾರನೇ ದಿನ ಮಟ್ಟಸವಾಗಿ ಕೂರಿಸಿದಳು. ಆಪಾಗೆ ನಾನು ಉತ್ತರ ಕೊಡಲಿಲ್ಲ, ಇದನ್ನೇ ಹೇಳಿದೆ.

ನಿಜವಾದ ಯುದ್ಧನೌಕೆಯ ಮೇಲೆ ನಿಂತು ನೋಡಬೇಕೆಂದರೆ ಕರ್ನಾಟಕದವರು ಕಾರವಾರಕ್ಕೆ ಹೋಗಬಹುದು. ಅಲ್ಲಿನ ಟಾಗೋರ್ ಕಡಲತೀರದಲ್ಲಿ 2006ರಲ್ಲಿ 'ಚಪಲ್' ಎಂಬ ಕ್ಷಿಪಣಿ ನೌಕೆಯನ್ನು ಸಂಗ್ರಹಾಲಯವಾಗಿ ನಿಲ್ಲಿಸಲಾಯಿತು. ಮೈಸೂರಿಗೆ ಹೋಲಿಸಿದರೆ ಕಾಲುಭಾಗದಷ್ಟೂ ಉದ್ದವಿಲ್ಲ. ಆದರೂ ಕಟಾಂಜನ ಎಲ್ಲಿ ಮುರಿದು ಎಲ್ಲಿ ಸೇರುತ್ತದೆ, ಏಣಿಯ ಮೆಟ್ಟಿಲು ಎಷ್ಟು ಇಕ್ಕಟ್ಟು ಎಂಬುದು ಚಿತ್ರದಲ್ಲಿ ಕಾಣುವಂಥದ್ದಲ್ಲ. ರಜೆಯಲ್ಲಿ ಹೋದಾಗ ಎಲ್ಲರೂ ಕಡಲಿಗಿಳಿದರೆ ಇವಳು ಅಳತೆಪಟ್ಟಿ ಹಿಡಿದುಕೊಂಡು ಅಲ್ಲೇ ಉಳಿದಳು.

ಹಡಗಿನ ಮಾತು ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತೋ ಏನೋ. ಡಿಸೆಂಬರಿನಲ್ಲಿ ಮಗಳು ತನಗೆ ಹಡಗು ನಿರ್ಮಾಣವನ್ನೇ ಓದಬೇಕು ಎಂದಳು. ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಬಿ.ಟೆಕ್. ಇದೆ, ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಮನೆ ತುಂಬ ಮಾತೇ ಮಾತು. "ಹೆಣ್ಣುಮಗು, ಅಷ್ಟು ದೂರ, ಹಾಸ್ಟೆಲ್, ಮೇಲಾಗಿ ಹಡಗು!" ಎಂದರು ನಾದಿನಿ. ನಮ್ಮವರು ಏನೂ ಹೇಳಲಿಲ್ಲ. ಅವರು ಮಾತಾಡದಿದ್ದರೆ ಬೇಡ ಎಂದೇ ಅರ್ಥ ಎಂಬುದು ನಮಗೆಲ್ಲ ಗೊತ್ತು. ಅವರ ಚಿಂತೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ನಾಲ್ಕು ವರ್ಷಗಳ ಫೀಸು, ಗೊತ್ತಿಲ್ಲದ ಊರು, ಓದು ಮುಗಿದ ಮೇಲೆ ಕೆಲಸ ಸಿಗುವುದೋ ಇಲ್ಲವೋ... ಒಂದೇ ಕೆಲಸವನ್ನು ನಂಬಿ ಕೂತ ಊರಿಗೆ ಏನಾಯಿತೆಂಬುದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಲೈನು ಮನೆಗಳ ಸಾಲನ್ನು ನೋಡಿದರೆ ಸಾಕು.

ಮಾವನವರು ಮಾತ್ರ ಒಂದು ಮಾತು ಹೇಳಿದರು. "ಕೇರಳದ ರೈಲು ಬಂಗಾರಪೇಟೆ ದಾಟಿಯೇ ಹೋಗುತ್ತೆ. ನಾನು ಕರಕೊಂಡು ಹೋಗಿ ಪರೀಕ್ಷೆ ಬರೆಸ್ತೀನಿ." ಮಗನ ಮುಖ ನೋಡದೆ, ಕಂಬಕ್ಕೆ ಬೆಸುಗೆ ಹಾಕುತ್ತಲೇ ಹೇಳಿದರು.

ಅರ್ಜಿ ಹೋಗಿದೆ. ಹೋಗಲು ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಇತ್ತ ಹಡಗಿನಲ್ಲಿ ಬಲಬದಿಯ ಕಟಾಂಜನ, ನಾಲ್ಕು ದೋಣಿ ಮತ್ತು ಚಿಕ್ಕ ಫಿರಂಗಿಗಳು ಬಾಕಿ ಇವೆ. ಅತ್ತೆಯವರು ಪೀಠದ ಪಟ್ಟಿಗೆ ಜರಿಯಲ್ಲಿ 'ಮೈಸೂರು' ಎಂದು ಕನ್ನಡದಲ್ಲಿ ಹೆಣೆದುಕೊಟ್ಟಿದ್ದಾರೆ. ಸೈನೈಡ್ ದಿಬ್ಬದ ಧೂಳು ಗಾಳಿಗೆ ಏಳುವ ತಿಂಗಳುಗಳಲ್ಲಿ ನಮ್ಮೂರಿನಲ್ಲಿ ಏನನ್ನೂ ತೆರೆದಿಡುವಂತಿಲ್ಲ, ಆದ್ದರಿಂದ ಗಾಜಿನ ಪೆಟ್ಟಿಗೆ ಆಗಲೇಬೇಕು. ಮೊನ್ನೆ ಭಾನುವಾರ ನಮ್ಮವರೇ ಟೇಪು ತಂದು ಅಳತೆ ತೆಗೆದುಕೊಂಡರು. ಮುಂದಿನ ಹಡಗು ಯಾವುದು ಎಂದು ಕೇಳಿದರು. ಕೊಚ್ಚಿಯಲ್ಲೇ ಕಟ್ಟಿ 2022ರಲ್ಲಿ ಸೇವೆಗೆ ಸೇರಿದ ವಿಕ್ರಾಂತ್ ಎಂದಳು ಮಗಳು. ಅದರ ಉದ್ದ 262 ಮೀಟರ್. ಇನ್ನೂರರಿಂದ ಭಾಗಿಸಿ ನೋಡಿದರೆ ನಮ್ಮ ಮೇಜಿಗಿಂತ ಒಂಬತ್ತು ಸೆಂಟಿಮೀಟರ್ ಹೆಚ್ಚಾಗುತ್ತದೆ.