ಸದ್ದಿಲ್ಲದ ಒಂದು ಗಂಟೆ

ನೌಕರಿಯ ಸಂದರ್ಶನಕ್ಕೆ ಕರೆ ಬಂದಿತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಅದೊಂದು ಪ್ರಯಾಣದ ಸಂಭ್ರಮವೇ ಆಗಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಮೂರೂ ಪಟ್ಟಣಗಳಿಗೆ ರೈಲಿನ ಸೌಕರ್ಯವಿಲ್ಲ. ಉಮೇದುವಾರನು ಮೊದಲು ಬಸ್ಸು ಹಿಡಿದು ಗದಗಿಗೋ ಹುಬ್ಬಳ್ಳಿಗೋ ಬರಬೇಕು; ಅಲ್ಲಿಂದ ದೂರದ ಬೆಂಗಳೂರಿಗೆ ಸಾಗಬೇಕು. ಅಜ್ಜಿ ಅಂಗೈಗೆ ಮೊಸರು-ಸಕ್ಕರೆ ಹಾಕುವಳು. ತಾಯಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಟ್ಟುವಳು. ತಂದೆ ಸರ್ಟಿಫಿಕೇಟುಗಳ ಚೀಲವನ್ನು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟುವನು. ರಾತ್ರಿಯೆಲ್ಲ ನಿದ್ದೆಗೆಟ್ಟು, ಬೆಳಗಿನಲ್ಲಿ ಸ್ಟೇಶನ್ನಿನ ನಲ್ಲಿಯಲ್ಲಿ ಮುಖ ತೊಳೆದು, ಮುದುಡಿದ ಅಂಗಿಯಲ್ಲಿಯೇ ಸಾಹೇಬರ ಮುಂದೆ ಕುಳಿತು, ಹತ್ತು ನಿಮಿಷ ಮಾತಾಡಿ ಹಿಂದಿರುಗಿದವರು ಈ ಭಾಗದಲ್ಲಿ ಎಷ್ಟೋ ಮಂದಿ.

2020ರ ಮಾರ್ಚ್ 24ರ ರಾತ್ರಿ ದೇಶಕ್ಕೆಲ್ಲ ಬೀಗ ಬಿದ್ದಿತು. ಕಚೇರಿಗಳು ಮುಚ್ಚಿದವು, ಆದರೆ ಕಂಪನಿಗಳಿಗೆ ಜನ ಬೇಕಾಗುವುದು ನಿಲ್ಲಲಿಲ್ಲ. ಉಮೇದುವಾರನು ಬರಲಾರದಿದ್ದರೆ ಸಂದರ್ಶಕರೇ ಅವನ ಮನೆಗೆ ಹೋಗಲಿ ಎಂಬಂತೆ ವಿಡಿಯೋ ಸಂದರ್ಶನವು ಎಲ್ಲೆಡೆ ಹಬ್ಬಿತು. ಬೀಗ ತೆರೆದ ಮೇಲೆಯೂ ಆ ಪದ್ಧತಿ ಹಿಂದೆ ಸರಿಯಲಿಲ್ಲ. ಮೊದಲನೆಯ ಸುತ್ತನ್ನಂತೂ ಈಗ ಅನೇಕ ಕಂಪನಿಗಳು ಮೊಬೈಲಿನ ಪರದೆಯ ಮೇಲೆಯೇ ಮುಗಿಸುತ್ತವೆ. ಕೇಂದ್ರ ಸರಕಾರವು ತನ್ನ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ 2016ರ ಜನವರಿ 1ರಿಂದ ಕೈಬಿಟ್ಟಿತು. ಖಾಸಗಿ ನೌಕರಿಗೆ ಮಾತ್ರ ಈ ಹೊಸ್ತಿಲನ್ನು ದಾಟದೆ ಗತ್ಯಂತರವಿಲ್ಲ.

ಇದರಿಂದ ಆಗಿರುವ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಪ್ರಯಾಣದ ಖರ್ಚು ಉಳಿಯಿತು, ದಣಿವು ಉಳಿಯಿತು. ‘ಹೆಣ್ಣುಮಗಳನ್ನು ಒಬ್ಬಳನ್ನೇ ಅಷ್ಟು ದೂರ ಕಳಿಸುವುದು ಹೇಗೆ’ ಎಂದು ಕರೆಪತ್ರವನ್ನೇ ಮೂಲೆಗಿಟ್ಟ ಮನೆಗಳಿದ್ದವು; ಅಂಥ ಮನೆಯ ಹುಡುಗಿಗೂ ಇಂದು ತನ್ನ ಯೋಗ್ಯತೆಯನ್ನು ತೋರಿಸಲು ಅರ್ಧ ಗಂಟೆಯಾದರೂ ದೊರೆಯುತ್ತದೆ. ಇದು ಸಣ್ಣ ಮಾತಲ್ಲ.

ಆದರೆ ಈ ಲೆಕ್ಕದಲ್ಲಿ ಖರ್ಚಿನ ಬಾಜು ಒಂದಿದೆ. ಅದನ್ನು ಬರೆಯಲು ಎಲ್ಲರೂ ಮರೆಯುತ್ತಾರೆ. ಹಿಂದೆ ಸಂದರ್ಶನದ ಕೋಣೆಯನ್ನು ಒದಗಿಸುವ ಹೊಣೆ ಕಂಪನಿಯದಾಗಿತ್ತು. ಮೇಜು ಅವರದು, ದೀಪ ಅವರದು, ಬಾಗಿಲಲ್ಲಿ ಜವಾನ ಅವರವನು. ಎಲ್ಲಕ್ಕೂ ಮಿಗಿಲಾಗಿ ಅಲ್ಲಿನ ಮೌನವೂ ಅವರದೇ. ಧಾರವಾಡದ ವಕೀಲರ ಮಗನಿಗೂ ಮುಂಡರಗಿಯ ರೈತನ ಮಗನಿಗೂ ಆ ಮೌನ ಸಮನಾಗಿ ಸಿಗುತ್ತಿತ್ತು. ಇಂದು ಅದನ್ನು ಉಮೇದುವಾರನೇ ತನ್ನ ಮನೆಯಿಂದ ತರಬೇಕು. ಪ್ರತ್ಯೇಕ ಕೋಣೆಯುಳ್ಳವನಿಗೆ ಅದು ಪುಕ್ಕಟೆ; ಒಂದೇ ಪಡಸಾಲೆಯಲ್ಲಿ ಆರು ಜನ ಬಾಳುವವನಿಗೆ ಅದಕ್ಕಿಂತ ತುಟ್ಟಿಯಾದ ವಸ್ತು ಇನ್ನೊಂದಿಲ್ಲ.

ಬೆಟಗೇರಿಯ ನೇಕಾರರ ಓಣಿಯೊಂದನ್ನು ಕಣ್ಣಮುಂದೆ ತಂದುಕೊಳ್ಳಿರಿ. ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳಿಗೆ ಮುಂಜಾನೆ ಹನ್ನೊಂದು ಗಂಟೆಗೆ ಸಂದರ್ಶನವಿದೆ ಎಂದುಕೊಳ್ಳೋಣ. ಗೋಡೆಯ ಆಚೆ ಮಗ್ಗ ಓಡುತ್ತಿದೆ. ಹುಟ್ಟಿದಂದಿನಿಂದ ಕೇಳಿದ ಆ ಸದ್ದು ಮನೆಯವರ ಕಿವಿಗೆ ಸದ್ದೇ ಅಲ್ಲ. ಬೆಂಗಳೂರಿನಲ್ಲಿ ಕುಳಿತವರ ಕಿವಿಗೆ ಮಾತ್ರ ಅದರ ಹೊರತು ಬೇರೇನೂ ಕೇಳಿಸದು. ಅಷ್ಟರಲ್ಲಿ ಅಜ್ಜಿ ಒಳಗೆ ಬಂದು, “ಯಾರ ಕೂಡ ಮಾತಾಡಾಕತ್ತೀಯವಾ? ಚಾ ಕುಡದಾರೇನ್ ಕೇಳ ಅವರಿಗೆ,” ಎನ್ನುವಳು. ಅದೇ ಗಳಿಗೆಯಲ್ಲಿ ಓಣಿಯ ತುದಿಯಿಂದ “ನೀರು ಬಂತು!” ಎಂಬ ಕೂಗು. ನಲ್ಲಿಗೆ ನೀರು ಬರುವುದು ಹಲವು ದಿನಗಳಿಗೊಮ್ಮೆ ಎಂಬುದು ಅವಳಿ ನಗರದ ಹಳೆಯ ದೂರಾಗಿರುವಾಗ, ಆ ಕೂಗಿಗೆ ಏಳದೆ ಕುಳಿತಿರುವುದು ಎಂಥ ಹುಡುಗಿಗೂ ಕಷ್ಟವೇ. ಗಂಡುಮಗನು ಸಂದರ್ಶನಕ್ಕೆ ಕುಳಿತರೆ ಬಾಗಿಲು ಮುಚ್ಚುವ ಮನೆಯೇ, ಮಗಳು ಕುಳಿತರೆ ‘ಮನೆಯಾಗ ಅದಿಯಲ್ಲ’ ಎಂದು ಕೆಲಸ ಹೇಳುವುದುಂಟು. ಈ ಭೇದವನ್ನು ತಾಯಂದಿರು ಒಮ್ಮೆ ಯೋಚಿಸಬೇಕು.

ಮುಂಡರಗಿಯ ಕಡೆಗೆ ಬಂದರೆ ತೊಡಕು ಬೇರೆ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗಿ ವಿದ್ಯುತ್ತನ್ನು ಹುಟ್ಟಿಸುತ್ತಿರುವಾಗಲೇ ಗುಡ್ಡದ ಕೆಳಗಿನ ಮನೆಯಲ್ಲಿ ಕರೆಂಟು ಹೋಗಿರುವುದು ಉಂಟು. ಸಿಗ್ನಲ್ಲು ಅಂಗಳದಲ್ಲಿ ಇರುತ್ತದೆ, ಪಡಸಾಲೆಯಲ್ಲಿ ಇರುವುದಿಲ್ಲ. ಆದುದರಿಂದ ಸಿದ್ಧತೆಯ ಮೊದಲ ಪಾಠ ಪುಸ್ತಕದ್ದಲ್ಲ, ಜಾಗದ್ದು. ಸಂದರ್ಶನಕ್ಕೆ ಎರಡು ದಿನ ಮೊದಲೇ, ಅದೇ ವೇಳೆಗೆ, ಅದೇ ಸ್ಥಳದಲ್ಲಿ ಕುಳಿತು ಗೆಳೆಯನೊಬ್ಬನಿಗೆ ವಿಡಿಯೋ ಕರೆ ಮಾಡಿ ನೋಡಬೇಕು. ಮುಂಜಾನೆ ಚೆನ್ನಾಗಿದ್ದ ಸಿಗ್ನಲ್ಲು ಸಂಜೆ ಊರೆಲ್ಲ ಮೊಬೈಲು ಹಿಡಿದಾಗ ಸೊರಗುತ್ತದೆ. ಬೇರೊಂದು ಕಂಪನಿಯ ಸಿಮ್ ಇರುವ ಇನ್ನೊಂದು ಮೊಬೈಲು ಪಕ್ಕದಲ್ಲಿರಲಿ. ಎರಡೂ ಹಿಂದಿನ ರಾತ್ರಿಯೇ ಚಾರ್ಜಾಗಿರಲಿ. ನಡುವೆ ಸೋದರಮಾವನ ಫೋನು ಬಂದು ಸಂದರ್ಶನ ಕಡಿಯದಂತೆ ಬೇರೆ ಕರೆಗಳನ್ನು ತಡೆಯುವ ಏರ್ಪಾಟು ಮೊಬೈಲಿನಲ್ಲಿಯೇ ಇದೆ, ಅದನ್ನು ಕಲಿತಿರಬೇಕು.

ಬೆಳಕು ಎದುರಿನಿಂದ ಬರಬೇಕು. ಕಿಟಕಿಗೆ ಬೆನ್ನು ಮಾಡಿ ಕುಳಿತವನ ಮುಖ ಕಪ್ಪು ನೆರಳಾಗಿ ಕಾಣುವುದು. ಮೊಬೈಲನ್ನು ಕೈಯಲ್ಲಿ ಹಿಡಿಯದೆ, ಪುಸ್ತಕಗಳನ್ನೋ ಕಾಳಿನ ಡಬ್ಬಿಗಳನ್ನೋ ಪೇರಿಸಿ ಕಣ್ಣಿನ ಮಟ್ಟಕ್ಕೆ ಆನಿಸಿಡಬೇಕು. ಉತ್ತರ ಹೇಳುವಾಗ ದೃಷ್ಟಿ ಪರದೆಯ ಮೇಲಿನ ತನ್ನ ಚಿತ್ರದ ಕಡೆಗಲ್ಲ, ಕ್ಯಾಮೆರಾದ ಕಡೆಗಿರಬೇಕು. ಆರಂಭದಲ್ಲಿಯೇ, “ಸಂಪರ್ಕ ಕಡಿದರೆ ಈ ನಂಬರಿಗೆ ಕರೆ ಮಾಡುವ ಕೃಪೆಯಾಗಲಿ” ಎಂದು ವಿನಯದಿಂದ ತಿಳಿಸಿಟ್ಟರೆ ಅರ್ಧ ಆತಂಕ ಅಲ್ಲಿಗೇ ಇಳಿಯುವುದು. ಕಡಿದಾಗ ಗಾಬರಿಯಾಗದೆ ಮರಳಿ ಬಂದು, ಬಿಟ್ಟ ಮಾತನ್ನು ಎತ್ತಿಕೊಂಡು ಮುಂದುವರಿಸುವವನ ಸಮಾಧಾನವನ್ನು ಸಂದರ್ಶಕರು ಗಮನಿಸದೆ ಇರಲಾರರು.

ಎಲ್ಲಕ್ಕಿಂತ ಮುಖ್ಯವಾದುದು ಧ್ವನಿ. ಚಿತ್ರವು ತುಸು ಮಸುಕಾದರೆ ಸಂದರ್ಶಕರು ಸಹಿಸುವರು. ಮಾತು ತಿಳಿಯದಿದ್ದರೆ ಸಹಿಸಲಾರರು. ಇದನ್ನು ಗದಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣಿಲ್ಲದ ಗಾನಯೋಗಿ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳನ್ನು ಕೇವಲ ನಾದದ ಬಲದಿಂದ ಲೋಕದ ಮುಂದೆ ನಿಲ್ಲಿಸಿದ ಊರಿದು. ಅಲ್ಲಿ ಬೆಳಗಿನ ಸಾಧನೆ ತಪ್ಪುವುದಿಲ್ಲ. ಉಮೇದುವಾರನಿಗೂ ಅದೇ ಮಾರ್ಗ. ಮನಸ್ಸಿನಲ್ಲಿ ಓದಿಕೊಂಡ ಉತ್ತರವು ಬಾಯಿಗೆ ಬರುವುದಿಲ್ಲ. ದಿನಕ್ಕೆ ಅರ್ಧ ಗಂಟೆಯಾದರೂ ಗಟ್ಟಿಯಾಗಿ, ನಿಧಾನವಾಗಿ, ಶಬ್ದಗಳನ್ನು ಬಿಡಿಬಿಡಿಯಾಗಿ ನುಡಿಯಬೇಕು. ಮೈಕು ಇರುವ ತಂತಿಯ ಇಯರ್‌ಫೋನು ಸಾಕು. ಪ್ರಶ್ನೆ ಮುಗಿದ ಮೇಲೆ ಒಂದು ಕ್ಷಣ ತಡೆದು ಉತ್ತರಿಸಬೇಕು. ಅಂತರ್ಜಾಲದಲ್ಲಿ ಮಾತು ತುಸು ತಡವಾಗಿ ತಲುಪುವುದರಿಂದ ಅವಸರಪಟ್ಟರೆ ಇಬ್ಬರ ಮಾತೂ ಒಂದರ ಮೇಲೊಂದು ಬೀಳುವುದು.

ಗದಗಿಗೆ ‘ಮುದ್ರಣ ಕಾಶಿ’ ಎಂಬ ಹೆಸರೂ ಉಂಟಷ್ಟೆ. ಅಚ್ಚುಕೂಟದ ಕೆಲಸಗಾರನು ಪ್ರೂಫ್ ತೆಗೆಯದೆ ಪುಸ್ತಕವನ್ನು ಅಚ್ಚಿಗೆ ಕೊಡುವುದಿಲ್ಲ. ಅದರಂತೆಯೇ ಉಮೇದುವಾರನು ತನ್ನ ಅಭ್ಯಾಸದ ಮಾತನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ನೋಡಬೇಕು. ಮೂಗು ಉಜ್ಜುವುದು, ‘ಅಂದ್ರ… ಅಂದ್ರ…’ ಎಂದು ಎಳೆಯುವುದು, ವಾಕ್ಯದ ಕೊನೆಯನ್ನು ನುಂಗುವುದು, ಇವೆಲ್ಲ ಆಗ ತಾವಾಗಿಯೇ ಕಣ್ಣಿಗೆ ಬೀಳುವವು. ಮೊದಲನೆಯ ಸಲ ತನ್ನನ್ನು ತಾನು ನೋಡಿ ನಾಚಿಕೆಯಾಗುವುದು ಸಹಜ. ಮೂರನೆಯ ಸಲಕ್ಕೆ ನಾಚಿಕೆ ಹೋಗಿ ತಿದ್ದುವ ಬುದ್ಧಿ ಬರುವುದು.

ಇಷ್ಟೆಲ್ಲ ಸಿದ್ಧವಾದ ಮೇಲೆ ಹೇಳಬೇಕಾದುದೇನು? ‘ನಿಮ್ಮ ವಿಷಯ ತಿಳಿಸಿರಿ’ ಎಂಬ ಮೊದಲ ಪ್ರಶ್ನೆಗೇ ನಮ್ಮ ಮಕ್ಕಳು ಎಡವುತ್ತಾರೆ. ‘ನಾನು ಶ್ರಮಜೀವಿ, ಪ್ರಾಮಾಣಿಕ, ಎಲ್ಲರೊಡನೆ ಹೊಂದಿಕೊಳ್ಳುವವನು’ ಎಂದು ಎಲ್ಲಿಂದಲೋ ಉರುಹೊಡೆದ ಇಂಗ್ಲಿಷು ವಾಕ್ಯಗಳನ್ನು ಒಪ್ಪಿಸುತ್ತಾರೆ. ಅದೇ ವಾಕ್ಯಗಳನ್ನು ಆ ದಿನ ಇಪ್ಪತ್ತು ಜನ ಹೇಳಿರುತ್ತಾರೆ. ನಮ್ಮ ಬೆಟಗೇರಿಯ ಹುಡುಗಿ ಹತ್ತನೆಯ ಇಯತ್ತೆಯಿಂದ ತಂದೆಯ ಲೆಕ್ಕ ಬರೆದವಳೆಂದು ಭಾವಿಸೋಣ: ಮಾಲೀಕರಿಂದ ಎಷ್ಟು ನೂಲು ಬಂದಿತು, ಎಷ್ಟು ಸೀರೆ ನೇಯ್ದು ಹೋಯಿತು, ಮಜೂರಿ ಎಷ್ಟು ಬರಬೇಕು, ಎಷ್ಟು ಬಂದಿತು. ಒಂದು ತಿಂಗಳು ಲೆಕ್ಕ ಕೂಡದೆ ಹೋದಾಗ ಹಿಂದಿನ ಚೀಟಿಗಳನ್ನೆಲ್ಲ ಹರವಿ ತಪ್ಪನ್ನು ಹುಡುಕಿದವಳು ಅವಳೇ. ಲೆಕ್ಕಪತ್ರದ ನೌಕರಿಗೆ ಇದಕ್ಕಿಂತ ದೊಡ್ಡ ಅನುಭವ ಯಾವುದು? ಆದರೂ ಅದನ್ನು ಹೇಳಲು ಅವಳಿಗೆ ಸಂಕೋಚ. ಮನೆಯ ಕೆಲಸವು ‘ಅನುಭವ’ವಾಗುವುದಿಲ್ಲ ಎಂಬ ಭಾವನೆ. ಕೆಲಸವೇನಿತ್ತು, ತೊಡಕೇನಾಯಿತು, ತಾನೇನು ಮಾಡಿದೆ, ಕೊನೆಗೆ ಏನಾಯಿತು: ಈ ನಾಲ್ಕನ್ನು ಕ್ರಮವಾಗಿ ಹೇಳಲು ಎರಡು ನಿಮಿಷ ಸಾಕು. ನಾಲ್ಕು ಶಬ್ದಗಳ ಚೀಟಿಯೊಂದು ಎದುರಿಗಿರಲಿ. ಪೂರ್ತಿ ಉತ್ತರವನ್ನು ಬರೆದಿಟ್ಟು ಓದುವುದು ಬೇಡ. ಓದುವ ಕಣ್ಣು ಅಡ್ಡಡ್ಡ ಓಡುವುದನ್ನು ಕ್ಯಾಮೆರಾ ಮುಚ್ಚಿಡುವುದಿಲ್ಲ.

ಭಾಷೆಯ ಅಂಜಿಕೆಯೂ ಒಂದಿದೆ. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಕನ್ನಡದ ತಿರುಳು ಇರುವ ನಾಡುಗಳಲ್ಲಿ ಒಂದೆಂದು ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿಯೇ ಹೆಸರಿಸಿದ ಊರು. ಅಲ್ಲಿಯ ಹುಡುಗನು ತನ್ನ ನುಡಿಗೆ ನಾಚಬೇಕಾದ ಕಾರಣವಿಲ್ಲ. ಕೆಲಸವು ಕನ್ನಡಿಗರ ನಡುವೆ ಇರುವುದಾದರೆ, ಕನ್ನಡದಲ್ಲಿ ಉತ್ತರಿಸಬಹುದೇ ಎಂದು ಮೊದಲೇ ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಇಂಗ್ಲಿಷೇ ಬೇಕೆಂದರೆ ಚಿಕ್ಕ ವಾಕ್ಯಗಳು ಸಾಕು. ಪ್ರಶ್ನೆ ತಿಳಿಯದಿದ್ದರೆ ‘ಮತ್ತೊಮ್ಮೆ ಹೇಳಿರಿ’ ಎನ್ನುವುದು ಅವಮಾನವಲ್ಲ. ತಿಳಿಯದ ಪ್ರಶ್ನೆಗೆ ಉತ್ತರ ಕೊಡುವುದು ಅವಿವೇಕ.

ಈಚೆಗೆ ಕೆಲವರು ಪ್ರಶ್ನೆಯನ್ನು ಕೃತಕ ಬುದ್ಧಿಯ ಯಂತ್ರಕ್ಕೆ ಕೇಳಿಸಿ, ಅದು ಬರೆದುಕೊಟ್ಟ ಉತ್ತರವನ್ನು ಪರದೆಯ ಮೂಲೆಯಿಂದ ಓದುತ್ತಾರೆ. ಅಭ್ಯಾಸಕ್ಕಾಗಿ ಅದರಿಂದ ಪ್ರಶ್ನೆ ಕೇಳಿಸಿಕೊಳ್ಳಲಿ, ಚಿಂತೆಯಿಲ್ಲ. ಸಂದರ್ಶನದ ಹೊತ್ತಿಗೆ ಮಾತ್ರ ಅದು ಪರೀಕ್ಷೆಯ ಕೋಣೆಯಲ್ಲಿ ಚೀಟಿ ಒಯ್ದಂತೆ. ಎರಡನೆಯ ಮರುಪ್ರಶ್ನೆಗೆ ಅದರ ಬಣ್ಣ ಬಯಲಾಗುವುದು. ಆಗಲಿಲ್ಲವೆಂದರೂ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಆಗುವುದು.

ಇನ್ನೊಂದು ಎಚ್ಚರಿಕೆಯನ್ನು ತಂದೆತಾಯಿಗಳಿಗೇ ಹೇಳಬೇಕು. ವಿಡಿಯೋ ಸಂದರ್ಶನದ ಸೋಗಿನಲ್ಲಿ ಮೋಸಗಾರರೂ ಮನೆ ಹೊಕ್ಕಿದ್ದಾರೆ. ‘ನಿಮ್ಮ ಮಗ ಆಯ್ಕೆಯಾಗಿದ್ದಾನೆ, ತರಬೇತಿಯ ಶುಲ್ಕ, ಲ್ಯಾಪ್‌ಟಾಪಿನ ಠೇವಣಿ ಕಳಿಸಿರಿ’ ಎಂಬ ಮಾತು ಬಂದರೆ ಅದು ನೌಕರಿಯಲ್ಲ, ಗಾಳ. ಪ್ರಾಮಾಣಿಕನಾದ ಧಣಿ ಪಗಾರ ಕೊಡುತ್ತಾನೆಯೇ ಹೊರತು ನೌಕರಿಗಾಗಿ ಹಣ ಕೇಳುವುದಿಲ್ಲ. ಓಟಿಪಿಯನ್ನಾಗಲಿ ಬ್ಯಾಂಕಿನ ಗುಪ್ತ ಸಂಖ್ಯೆಯನ್ನಾಗಲಿ ಯಾವ ಸಂದರ್ಶಕರಿಗೂ ಹೇಳಬಾರದು. ಕರೆ ಬಂದ ಕಂಪನಿಯ ಹೆಸರನ್ನೂ ಈಮೇಲಿನ ವಿಳಾಸವನ್ನೂ ಅದರ ಸ್ವಂತ ಜಾಲತಾಣದಲ್ಲಿ ತಾಳೆ ನೋಡಬೇಕು. ಹಣ ಹೋಯಿತೆಂದು ತಿಳಿದ ಕೂಡಲೆ 1930 ಎಂಬ ಸಹಾಯವಾಣಿಗೆ ಫೋನು ಮಾಡಬೇಕು. ತಡಮಾಡಿದಷ್ಟೂ ಹಣ ಕೈಗೆ ಸಿಗದಷ್ಟು ದೂರ ಸಾಗುವುದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮೌನವಿಲ್ಲದ ಮನೆಯ ಮಕ್ಕಳು ಏನು ಮಾಡಬೇಕು? ಗದಗ ತಾಲೂಕಿನ ಕಣಗಿನಹಾಳವು ಇದಕ್ಕೊಂದು ದಾರಿ ತೋರಿಸುತ್ತದೆ. 1905ರಲ್ಲಿ ಆ ಹಳ್ಳಿಯ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು; ದೇಶದ ಸಹಕಾರ ಚಳವಳಿಯೇ ಅಲ್ಲಿಂದ ಮೊದಲಾಯಿತೆಂದು ಇಂದಿಗೂ ಹೇಳುತ್ತಾರೆ. ಒಬ್ಬೊಬ್ಬನಿಗೆ ಹುಟ್ಟದ ಪತ್ತು ಹತ್ತು ಜನ ಕೂಡಿದಾಗ ಹುಟ್ಟಿತು. ಮೌನಕ್ಕೂ ಇದೇ ನ್ಯಾಯವನ್ನು ಏಕೆ ಅನ್ವಯಿಸಬಾರದು? ಒಬ್ಬೊಬ್ಬರ ಮನೆಯಲ್ಲಿ ಇಲ್ಲದ ಕೋಣೆಯನ್ನು ಊರು ಕೂಡಿ ಒದಗಿಸಬಹುದು.

ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರು ಬಂದಿದೆ. ಅನೇಕ ಕಡೆಗೆ ಗಣಕಯಂತ್ರವೂ ಅಂತರ್ಜಾಲವೂ ಬಂದಿವೆ. ಓದುವ ಮಂದಿಯ ನಡುವೆ ಗಟ್ಟಿಯಾಗಿ ಮಾತಾಡುವಂತಿಲ್ಲ, ನಿಜ. ಪಕ್ಕದಲ್ಲಿ ಚಿಕ್ಕ ಕೋಣೆಯೊಂದಿದ್ದರೆ, ಇಲ್ಲವೆ ಬಾಗಿಲು ತೆರೆಯುವ ಮೊದಲಿನ ಒಂದು ಗಂಟೆ ಸಿಕ್ಕರೆ ಸಾಕು. ರಜೆಯ ದಿನ ಶಾಲೆಯ ಕೋಣೆ, ಸಹಕಾರಿ ಸಂಘದ ಮಾಳಿಗೆ, ಮಠದ ಒಂದು ಖೋಲಿ, ಯಾವುದಾದರೂ ನಡೆಯುವುದು. ಶಿರಹಟ್ಟಿಯ ಫಕೀರೇಶ್ವರ ಮಠದ ಹೊಸ್ತಿಲಿಗೆ ಹಿಂದೂ-ಮುಸಲ್ಮಾನರಿಬ್ಬರೂ ನಡೆದುಕೊಳ್ಳುತ್ತ ಬಂದಿರುವ ಸೀಮೆ ನಮ್ಮದು; ಯಾರ ಮಕ್ಕಳೆಂದು ಕೇಳದೆ ಒಂದು ಮೇಜು, ಒಂದು ದೀಪ, ಒಂದು ಅಗಳಿಯ ಬಾಗಿಲು ಕೊಡುವುದು ನಮಗೆ ಹೊಸ ಪಾಠವಲ್ಲ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಿಂಗಳಿಗೊಂದು ದಿನ ಹಳ್ಳಿಗೆ ಬಂದು ಅಣಕು ಸಂದರ್ಶನ ನಡೆಸಿಕೊಟ್ಟರೆ ಅವರ ವಿದ್ಯೆಗೂ ಅದು ಸಾರ್ಥಕವೇ.

ಅಂಥ ಕೋಣೆ ಬರುವವರೆಗೆ ಹೊಣೆ ಮನೆಯವರದು, ನೆರೆಯವರದು. ಹಿಂದಿನ ದಿನವೇ ಓಣಿಯಲ್ಲಿ ತಿಳಿಸಿರಿ. ನೀರಿಗೆ ಕೊಡ ಹಿಡಿಯಲು ಬೇರೆಯವರು ನಿಲ್ಲಲಿ. ಅಜ್ಜಿಯನ್ನು ಬಾಗಿಲ ಹೊರಗೆ ಕೂರಿಸಿ, ಯಾರನ್ನೂ ಒಳಗೆ ಬಿಡದ ಅಧಿಕಾರವನ್ನು ಅವರಿಗೇ ಒಪ್ಪಿಸಿರಿ. ಅವರಷ್ಟು ಕಟ್ಟುನಿಟ್ಟಾದ ಕಾವಲುಗಾರ ಬೆಂಗಳೂರಿನ ಯಾವ ಕಚೇರಿಯಲ್ಲಿಯೂ ಸಿಗಲಾರನು. ಮಗ್ಗದವರು ಒಂದು ಗಂಟೆ ಮಗ್ಗ ನಿಲ್ಲಿಸಲಿ. ಅದರಿಂದ ಕೆಲವು ಗೇಣು ಬಟ್ಟೆ ಕಡಿಮೆಯಾದೀತು; ನಾಳೆ ಅವರ ಮಗಳ ಸರದಿ ಬಂದಾಗ ಈಚೆಯ ಮನೆಯವರು ತಮ್ಮ ಮಗ್ಗವನ್ನು ನಿಲ್ಲಿಸಿ ಆ ಬಾಕಿಯನ್ನು ತೀರಿಸುವರು.